ಚೆಂಡು ಬಾರದ ಆ ಐವತ್ತು ಓಟ: ಜೆರ್ರಿ ರೈಸ್ ಕುರಿತ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಲ್ಲಿ ಇಷ್ಟು ವರ್ಷ ಇದ್ದೂ, ಇಲ್ಲಿನ ಫುಟ್‌ಬಾಲ್ ತಂಡ ಫೋರ್ಟಿನೈನರ್ಸ್ ಪಂದ್ಯ ಅಂದರೆ ಭಾನುವಾರ ಸಾಂಟಾ ಕ್ಲಾರಾ ಕಡೆ ಟ್ರಾಫಿಕ್ ಜಾಸ್ತಿ ಅನ್ನೋದಷ್ಟೇ ಗೊತ್ತಿರುವವರು ಇಲ್ಲಿ ಸುಮಾರು ಜನ ಇದ್ದೀರಿ. ಹಾಗೇ ಪ್ರತಿ ಆಟಗಾರನ ಜಾತಕ ಬಾಯಿಪಾಠ ಮಾಡಿಕೊಂಡವರೂ ಇದ್ದೀರಿ. ಇಬ್ಬರಿಗೂ ನಿದ್ದೆ ಬಾರದ ಹಾಗೆ ಮಾತಾಡಬೇಕು. ನೋಡೋಣ.

ವಿಷಯ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್. ವೈಡ್ ರಿಸೀವರ್. 1985ರಿಂದ 2004ರವರೆಗೆ ಇಪ್ಪತ್ತು ಸೀಸನ್ ಆಡಿದ, 303 ಪಂದ್ಯ, 1,549 ಕ್ಯಾಚ್, 22,895 ಯಾರ್ಡ್, ಒಟ್ಟು 208 ಟಚ್‌ಡೌನ್. ಅಂಕಿಅಂಶ ಇಷ್ಟು ಸಾಕು, ಇವು ಎಷ್ಟು ದೊಡ್ಡವು ಅಂತ ಕೊನೆಗೆ ಲೆಕ್ಕ ಹಾಕೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನ ನೂರು ಯಾರ್ಡ್. ಅದರ ಕೊನೆಯಲ್ಲಿರುವ ಪಟ್ಟಿಗೆ ಎಂಡ್ ಝೋನ್ ಅಂತಾರೆ, ಚೆಂಡನ್ನು ಅಲ್ಲಿಗೆ ತಲುಪಿಸಿದರೆ ಟಚ್‌ಡೌನ್. ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ, ಅಂಚಿನಲ್ಲಿ ನಿಂತಿರುವ ವೈಡ್ ರಿಸೀವರ್ ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡಿ ಅದನ್ನು ಹಿಡಿಯುತ್ತಾನೆ. ಆ ದಾರಿಗೆ ರೂಟ್ ಅಂತಾರೆ. ಎದುರಿಗೆ ಒಬ್ಬ ಡಿಫೆಂಡರ್ ಇರುತ್ತಾನೆ, ಇವನನ್ನು ನೆರಳಿನ ಹಾಗೆ ಹಿಂಬಾಲಿಸೋದೇ ಅವನ ಕೆಲಸ.

ಈಗ ಒಂದು ವಿಷಯ ಗಮನಿಸಿ. ಒಂದು ತಂಡಕ್ಕೆ ಪಂದ್ಯದಲ್ಲಿ ಹೆಚ್ಚುಕಡಿಮೆ ಅರವತ್ತು ಸಲ ಆಡುವ ಅವಕಾಶ ಸಿಗುತ್ತದೆ. ಅದರಲ್ಲಿ ಒಳ್ಳೇ ರಿಸೀವರ್ ಕಡೆಗೂ ಚೆಂಡು ಬರೋದು ಹತ್ತು ಸಲ ಇರಬಹುದು. ಉಳಿದ ಐವತ್ತು ಸಲ? ಚೆಂಡು ತನಗೆ ಬರಲ್ಲ ಅಂತ ಗೊತ್ತಿದ್ದೂ ಬಂದೇ ಬರುತ್ತದೆ ಅನ್ನೋ ಹಾಗೆ ಓಡಬೇಕು, ಇಲ್ಲವೇ ಇನ್ನೊಬ್ಬ ಚೆಂಡು ಹಿಡಿದು ಓಡುವಾಗ ಯಾರಿಗಾದರೂ ಅಡ್ಡ ನಿಂತು ಎದೆಗೆ ಏಟು ತಿನ್ನಬೇಕು. ಟಿವಿಯಲ್ಲಿ ನಾವು ನೋಡೋದು ಆ ಹತ್ತನ್ನು. ರೈಸ್ ದೊಡ್ಡ ಆಟಗಾರ ಆಗಿದ್ದು ಆ ಐವತ್ತರಲ್ಲಿ ಅನ್ನೋದು ನನ್ನ ವಾದ.

ಹುಟ್ಟಿದ್ದು 1962ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಬೆಳೆದದ್ದು ಕ್ರಾಫರ್ಡ್ ಅನ್ನೋ ಪುಟ್ಟ ಊರಿನಲ್ಲಿ. ಅಪ್ಪ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳೂ ಕೆಲಸಕ್ಕೆ ಹೋಗಬೇಕು. ಜೆರ್ರಿ ಮೇಲೆ ಸಾರುವೆಯಲ್ಲಿ ನಿಲ್ಲುತ್ತಿದ್ದ, ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದರು. ನಮ್ಮೂರುಗಳಲ್ಲಿ ಮನೆ ಕಟ್ಟುವ ಕಡೆ ನೀವೂ ನೋಡಿದ್ದೀರಲ್ವಾ, ಒಬ್ಬ ಕೆಳಗೆ ಒಬ್ಬ ಮೇಲೆ ನಿಂತು, ಮಾತಾಡಿಕೊಂಡೇ ಇಟ್ಟಿಗೆ ಸಾಗಿಸೋದು? ಅದೇ. ಇಟ್ಟಿಗೆ ಹಿಡಿಯುವವನು ಕೈ ಗಟ್ಟಿ ಮಾಡಿಕೊಂಡರೆ ಬೆರಳು ಜಜ್ಜಿಹೋಗುತ್ತದೆ, ಬರುವ ವೇಗದಲ್ಲೇ ಕೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡಬೇಕು. ರೈಸ್ ಕೈ ಬಗ್ಗೆ ಯಾರು ಬರೆದರೂ ಈ ಇಟ್ಟಿಗೆ ಕತೆ ಬಂದೇ ಬರುತ್ತದೆ. ನನಗೆ ಅದರಲ್ಲಿ ಕೈಗಿಂತ ಮುಖ್ಯ ಅನಿಸೋದು ಬಿಸಿಲು. ಮಿಸಿಸಿಪಿಯ ಬೇಸಿಗೆಯಲ್ಲಿ ದಿನವಿಡೀ ಆ ಕೆಲಸ ಮಾಡಿದವನಿಗೆ ಆಮೇಲೆ ಯಾವ ಕೋಚ್ ಎಷ್ಟು ಓಡಿಸಿದರೂ ಅದು ದೊಡ್ಡದಾಗಿ ಕಾಣಲಿಕ್ಕಿಲ್ಲ.

ಫುಟ್‌ಬಾಲಿಗೆ ಬಂದದ್ದು ತಮಾಷೆ. ಹೈಸ್ಕೂಲಲ್ಲಿ ಒಂದು ದಿನ ಕ್ಲಾಸಿಗೆ ಚಕ್ಕರ್ ಹೊಡೆದ. ಶಾಲೆಯ ಉಪ ಪ್ರಿನ್ಸಿಪಾಲರು ಹಿಂದಿನಿಂದ ಬಂದದ್ದು ಕಂಡು ಓಟ ಕಿತ್ತ. ಸಿಕ್ಕಿಬಿದ್ದ ಮೇಲೆ ಏಟೂ ಬಿತ್ತು, ಜೊತೆಗೆ ‘ಈ ಹುಡುಗ ಸಖತ್ತಾಗಿ ಓಡ್ತಾನೆ’ ಅಂತ ಫುಟ್‌ಬಾಲ್ ಕೋಚ್‌ಗೆ ಸುದ್ದಿಯೂ ಹೋಯಿತು.

ದೊಡ್ಡ ಕಾಲೇಜುಗಳು ಯಾವುವೂ ಕರೆಯಲಿಲ್ಲ. ಸೇರಿದ್ದು ಇಟ್ಟಾ ಬೇನಾ ಅನ್ನೋ ಊರಿನ ಮಿಸಿಸಿಪಿ ವ್ಯಾಲಿ ಸ್ಟೇಟ್, ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ಶುರುವಾದ ಸಣ್ಣ ವಿಶ್ವವಿದ್ಯಾಲಯ. ಅಲ್ಲಿನ ಕೋಚ್ ಆರ್ಚಿ ಕೂಲಿ ಚೆಂಡು ಎಸೆಯೋದನ್ನು ಬಿಟ್ಟು ಬೇರೆ ಆಟವೇ ಬೇಡ ಅನ್ನುವ ಪೈಕಿ. ಕ್ವಾರ್ಟರ್‌ಬ್ಯಾಕ್ ವಿಲ್ಲಿ ಟಾಟನ್ ಎಸೆಯೋದು, ರೈಸ್ ಹಿಡಿಯೋದು. 1984ರ ಒಂದೇ ಸೀಸನ್‌ನಲ್ಲಿ ರೈಸ್ 27 ಟಚ್‌ಡೌನ್ ಹಿಡಿದ. ಆ ಶರತ್ಕಾಲದ ಒಂದು ರಾತ್ರಿ ಫೋರ್ಟಿನೈನರ್ಸ್ ಕೋಚ್ ಬಿಲ್ ವಾಲ್ಶ್ ಮಾರನೇ ದಿನದ ಪಂದ್ಯಕ್ಕಾಗಿ ಹ್ಯೂಸ್ಟನ್‌ನ ಹೋಟೆಲಲ್ಲಿ ಇದ್ದರು, ಸುಮ್ನೆ ಟಿವಿ ಹಾಕಿದರು, ಅದರಲ್ಲಿ ಈ ಹುಡುಗನ ಆಟದ ತುಣುಕುಗಳು ಬಂದವು. ಅಷ್ಟೇ, ವಾಲ್ಶ್ ಮನಸ್ಸಿನಿಂದ ಅವನು ಹೋಗಲೇ ಇಲ್ಲ.

ಬೇರೆ ತಂಡಗಳಿಗೆ ಅನುಮಾನ ಇತ್ತು. ಸಣ್ಣ ಕಾಲೇಜು, ಎದುರಾಳಿಗಳೂ ಅಷ್ಟಕ್ಕಷ್ಟೇ, ಮೇಲಾಗಿ ನಲವತ್ತು ಯಾರ್ಡ್ ಓಟದಲ್ಲಿ ಹೇಳಿಕೊಳ್ಳುವಂಥ ವೇಗ ಇಲ್ಲ. ಡ್ರಾಫ್ಟ್ ಅಂದರೆ ತಂಡಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳೋದು, ಹಿಂದಿನ ಸೀಸನ್ ಗೆದ್ದವರಿಗೆ ಕೊನೇ ಸರದಿ. 1985ರ ಡ್ರಾಫ್ಟ್‌ನಲ್ಲಿ ಫೋರ್ಟಿನೈನರ್ಸ್ ಸರದಿ ಬರೋದು 28ನೆಯದು, ಯಾಕಂದ್ರೆ ಆ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದವರೇ ಅವರು. ಅಲ್ಲಿವರೆಗೆ ಕಾದರೆ ಹುಡುಗ ಕೈತಪ್ಪುತ್ತಾನೆ ಅಂತ ವಾಲ್ಶ್ ತಮ್ಮ ಮೊದಲ ಮೂರು ಸುತ್ತಿನ ಆಯ್ಕೆಗಳನ್ನು ಪೇಟ್ರಿಯಟ್ಸ್ ತಂಡಕ್ಕೆ ಕೊಟ್ಟು 16ನೇ ಸ್ಥಾನಕ್ಕೆ ಬಂದರು. ಅಷ್ಟರಲ್ಲಿ ಇಬ್ಬರು ರಿಸೀವರ್‌ಗಳು ಆಯ್ಕೆಯಾಗಿದ್ದರು: ಅಲ್ ಟೂನ್, ಆಮೇಲೆ ಎಡ್ಡಿ ಬ್ರೌನ್. ಎಡ್ಡಿ ಬ್ರೌನ್ ಹೆಸರು ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ರೈಸ್ ಚೆಂಡು ಬಿಟ್ಟ. ಒಂದಲ್ಲ ಎರಡಲ್ಲ, ಬಿಡುತ್ತಲೇ ಇದ್ದ, ತಂಡದ ಆಗಿನ ತವರು ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಪ್ರೇಕ್ಷಕರು ಬೊಬ್ಬೆ ಹಾಕಿದರು. ಕೈ ಕೆಟ್ಟಿರಲಿಲ್ಲ, ತಲೆ ತುಂಬಿತ್ತು. ವಾಲ್ಶ್ ಆಟದ ಪುಸ್ತಕ ಅಂದರೆ ದಪ್ಪ ಪುಸ್ತಕ. ಯಾವ ರೂಟ್, ಎಷ್ಟನೇ ಹೆಜ್ಜೆಗೆ ತಿರುಗೋದು, ಡಿಫೆಂಡರ್ ಹೀಗೆ ನಿಂತರೆ ಏನು, ಹಾಗೆ ನಿಂತರೆ ಏನು ಅಂತ ಓಡುತ್ತಾ ಯೋಚನೆ ಮಾಡುವವನು ಚೆಂಡಿನ ಮೇಲೆ ಕಣ್ಣಿಡೋದು ಎಲ್ಲಿಂದ? ಡಿಸೆಂಬರ್ ಹೊತ್ತಿಗೆ ಅದು ತಲೆಯಿಂದ ಕಾಲಿಗೆ ಇಳಿಯಿತು. ರ‍್ಯಾಮ್ಸ್ ವಿರುದ್ಧದ ಸೋಮವಾರ ರಾತ್ರಿಯ ಪಂದ್ಯದಲ್ಲಿ 10 ಕ್ಯಾಚ್, 241 ಯಾರ್ಡ್. ಪಂದ್ಯ ಸೋತರು, ಆದರೆ ಬೊಬ್ಬೆ ನಿಂತಿತು.

ಸ್ಲಾಂಟ್ ಅನ್ನೋ ರೂಟ್ ಒಂದನ್ನು ಹತ್ತಿರದಿಂದ ನೋಡೋಣ, ಯಾಕಂದ್ರೆ ರೈಸ್ ಹೊಟ್ಟೆಪಾಡು ನಡೆದದ್ದೇ ಅದರಲ್ಲಿ. ಮೂರು ಹೆಜ್ಜೆ ನೇರ ಮುಂದೆ, ಆಮೇಲೆ ಓರೆಯಾಗಿ ಮೈದಾನದ ಒಳಕ್ಕೆ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅದೇ ಹೊತ್ತಿಗೆ ಹಿಂದಕ್ಕೆ ಮೂರು ಹೆಜ್ಜೆ ಇಟ್ಟು ಎಸೆದುಬಿಡುತ್ತಾನೆ. ರಿಸೀವರ್ ಇರುವ ಜಾಗಕ್ಕಲ್ಲ, ಇನ್ನೊಂದು ಕ್ಷಣಕ್ಕೆ ಅವನು ಇರಬೇಕಾದ ಜಾಗಕ್ಕೆ. ಆ ಮೂರು ಹೆಜ್ಜೆಯಲ್ಲಿ ಡಿಫೆಂಡರ್‌ಗೆ ಸುಳಿವು ಸಿಗಬಾರದು. ಸಾಮಾನ್ಯ ರಿಸೀವರ್ ತಿರುಗುವ ಮುಂಚೆ ಒಂಚೂರು ನಿಧಾನ ಆಗುತ್ತಾನೆ, ತಲೆ ಎತ್ತುತ್ತಾನೆ, ಸೊಂಟ ಸ್ವಲ್ಪ ಇಳಿಸುತ್ತಾನೆ. ಡಿಫೆಂಡರ್ ಕಾಯೋದೇ ಅದಕ್ಕೆ. ರೈಸ್ ಹತ್ತಿರ ಅಂಥ ಸುಳಿವು ತೀರಾ ಕಮ್ಮಿ. ಐವತ್ತು ಯಾರ್ಡ್ ದೂರ ಓಡುವಾಗಲೂ, ಆರು ಯಾರ್ಡಿಗೆ ತಿರುಗುವಾಗಲೂ, ಚೆಂಡು ಇನ್ನೊಬ್ಬನಿಗೆ ಅಂತ ಗೊತ್ತಿರುವಾಗಲೂ ಮೊದಲ ಮೂರು ಹೆಜ್ಜೆ ಒಂದೇ ಥರ. ಅದಕ್ಕೇ ಹೇಳಿದ್ದು, ಆ ಐವತ್ತು ಓಟ ವ್ಯರ್ಥ ಅಲ್ಲ ಅಂತ. ಅಲ್ಲಿ ಅವನು ಮೈಗಳ್ಳತನ ಮಾಡಿದ್ದರೆ ಈ ಹತ್ತು ನಡೆಯುತ್ತಿರಲಿಲ್ಲ.

ಅಭ್ಯಾಸದಲ್ಲೂ ಹಾಗೇ. ಬರೀ ಐದು ಯಾರ್ಡಿನ ಕ್ಯಾಚ್ ಹಿಡಿದರೂ ಅಲ್ಲಿಂದ ಎಂಡ್ ಝೋನ್‌ವರೆಗೆ ಪೂರ್ತಿ ವೇಗದಲ್ಲಿ ಓಡಿ ಮುಗಿಸುತ್ತಿದ್ದ. ಸೀಸನ್ ಮುಗಿದ ಮೇಲೆ, ಬೇರೆಯವರು ಮೀನು ಹಿಡಿಯೋಕೆ ಹೋದಾಗ, ಅದೇ ತಂಡದ ರೋಜರ್ ಕ್ರೇಗ್ ಜೊತೆ ಗುಡ್ಡ ಹತ್ತಿ ಓಡೋದು. ಆ ಗುಡ್ಡ ನಿಮಗೆ ಗೊತ್ತು. 280ರಲ್ಲಿ ಹೋಗುವಾಗ ಎಡ್ಜ್‌ವುಡ್ ರೋಡ್ ಅಂತ ಎಕ್ಸಿಟ್ ಬರುತ್ತದಲ್ಲ, ಅಲ್ಲಿನ ಪಾರ್ಕು. ವಸಂತದಲ್ಲಿ ಕಾಡುಹೂವು ನೋಡೋಕೆ ಮಕ್ಕಳನ್ನು ಕರ್ಕೊಂಡು ಹೋಗುತ್ತೀರಿ. ಸುಮಾರು ಎರಡೂವರೆ ಮೈಲಿ ಏರು. ನಡೆದು ಹತ್ತಿದವರಿಗೆ ಅದು ಎಂಥದ್ದು ಅಂತ ಮಂಡಿಯೇ ಹೇಳಿರುತ್ತದೆ. ಹೊಸದಾಗಿ ತಂಡಕ್ಕೆ ಬಂದ ಹುಡುಗರು ಜೊತೆಗೆ ಬಂದು ಅರ್ಧದಲ್ಲೇ ವಾಂತಿ ಮಾಡಿಕೊಂಡದ್ದುಂಟು.

ಇಷ್ಟೆಲ್ಲ ಮಾಡಿಯೂ ಎಡವಟ್ಟು ತಪ್ಪುವುದಿಲ್ಲ. 1987ರ ಜನವರಿ, ಪ್ಲೇಆಫ್ ಅನ್ನೋ ಸೀಸನ್ ಕೊನೆಯ ನಾಕೌಟ್ ಹಂತ, ನ್ಯೂಜೆರ್ಸಿಯಲ್ಲಿ ಜಯಂಟ್ಸ್ ವಿರುದ್ಧ. ಪಂದ್ಯ ಈಗಷ್ಟೇ ಶುರುವಾಗಿದೆ, ಯಾರಿಗೂ ಅಂಕ ಇಲ್ಲ. ಮೊಂಟಾನಾ ಎಸೆದ, ರೈಸ್ ಹಿಡಿದ, ಮುಂದೆ ಬಟ್ಟಬಯಲು, ಯಾರೂ ಮುಟ್ಟುವಷ್ಟು ಹತ್ತಿರ ಇಲ್ಲ. ಚೆಂಡು ಕೈಯಿಂದ ಜಾರಿತು. ತಾನಾಗೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಉರುಳಿ ಎಂಡ್ ಝೋನ್‌ಗೆ ಹೋದ ಚೆಂಡು ಜಯಂಟ್ಸ್ ಪಾಲಾಯಿತು, ಫೋರ್ಟಿನೈನರ್ಸ್ 49-3ರಲ್ಲಿ ಮಣ್ಣುಮುಕ್ಕಿತು. ಮುಂದಿನ ಸೀಸನ್‌ನಲ್ಲಿ ಆಟಗಾರರ ಮುಷ್ಕರ ನಡೆದು ರೈಸ್‌ಗೆ ಸಿಕ್ಕಿದ್ದು 12 ಪಂದ್ಯ ಮಾತ್ರ. ಹಿಡಿದ ಟಚ್‌ಡೌನ್ 22. ಆ ದಾಖಲೆಯನ್ನು ರಾಂಡಿ ಮಾಸ್ ಅನ್ನೋ ರಿಸೀವರ್ 2007ರಲ್ಲಿ ಮುರಿದ, 23 ಹಿಡಿದು, 16 ಪಂದ್ಯಗಳಲ್ಲಿ. ಇಲ್ಲಿ ಮಾಸ್ ಅಭಿಮಾನಿಗಳು ಇದ್ದಾರೆ ಅಂತ ಗೊತ್ತು, ಆದರೂ ಹೇಳಿದೆ.

ಈಗ 1989ರ ಜನವರಿ 22, ಮಯಾಮಿ, ಇಪ್ಪತ್ತಮೂರನೇ ಸೂಪರ್ ಬೌಲ್. ಎದುರಾಳಿ ಸಿನ್ಸಿನಾಟಿ ಬೆಂಗಾಲ್ಸ್. ಅವರ ರಿಸೀವರ್ ಯಾರು ಗೊತ್ತಾ? ಎಡ್ಡಿ ಬ್ರೌನ್, ಡ್ರಾಫ್ಟ್‌ನಲ್ಲಿ ರೈಸ್‌ಗಿಂತ ಮೂರು ಸ್ಥಾನ ಮೇಲೆ ಹೋದವನು. ಫೋರ್ಟಿನೈನರ್ಸ್ 16-13ರಿಂದ ಹಿಂದೆ. ಉಳಿದಿರೋದು ಮೂರು ನಿಮಿಷ ಚಿಲ್ಲರೆ. ಚೆಂಡು ಅವರದೇ ಎಂಟು ಯಾರ್ಡ್ ಗೆರೆಯಲ್ಲಿ, ಅಂದರೆ 92 ಯಾರ್ಡ್ ಹೋಗಬೇಕು. ಅರ್ಧ ದಾರಿಯಲ್ಲಿ ಪೆನಾಲ್ಟಿ ಬಿದ್ದು ಹತ್ತು ಯಾರ್ಡ್ ಬದಲು ಇಪ್ಪತ್ತು ಬೇಕಾಯಿತು. ಆಗ ರೈಸ್ ಬೆಂಗಾಲ್ಸ್ ಆಟಗಾರರ ನಡುವೆ ಹಿಡಿದು 27 ಯಾರ್ಡ್ ತಂದುಕೊಟ್ಟ. ಆ ದಿನ ಒಟ್ಟು 11 ಕ್ಯಾಚ್, 215 ಯಾರ್ಡ್, ಪಂದ್ಯಶ್ರೇಷ್ಠ ಪ್ರಶಸ್ತಿ.

ಆದರೆ ಗೆಲುವಿನ ಟಚ್‌ಡೌನ್ ಅವನದಲ್ಲ. ಉಳಿದದ್ದು ಹತ್ತು ಯಾರ್ಡ್. ಚೆಂಡು ಆಟಕ್ಕೆ ಬರುವ ಮುಂಚೆ ರೈಸ್ ಅಡ್ಡಲಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿದ, ಬೆಂಗಾಲ್ಸ್ ಗಮನ ಅವನ ಹಿಂದೆ ಹೋಯಿತು, ಮೊಂಟಾನಾ ಚೆಂಡನ್ನು ಇನ್ನೊಬ್ಬ ರಿಸೀವರ್ ಜಾನ್ ಟೇಲರ್‌ಗೆ ಎಸೆದ. 34 ಸೆಕೆಂಡ್ ಬಾಕಿ, 20-16. ನನ್ನ ಮಟ್ಟಿಗೆ ರೈಸ್‌ನ ಇಡೀ ವೃತ್ತಿಯಲ್ಲಿ ಅತಿ ಬೆಲೆಬಾಳುವ ಓಟ ಅದು, ಮತ್ತು ಅದರ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಮುಂದಿನ ವರ್ಷದ ಸೂಪರ್ ಬೌಲ್‌ನಲ್ಲಿ ಡೆನ್ವರ್ ಬ್ರಾಂಕೋಸ್ ವಿರುದ್ಧ 55-10, ಅದು ಪಂದ್ಯವೇ ಅಲ್ಲ, ಬಿಡಿ. 1995ರ ಜನವರಿಯಲ್ಲಿ, ಮೊಂಟಾನಾ ಜಾಗಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್ ಜೊತೆ ಮೂರನೇ ಸೂಪರ್ ಬೌಲ್. ಅದೇ ವರ್ಷದ ಸೀಸನ್‌ನಲ್ಲಿ 1,848 ಯಾರ್ಡ್, ವಯಸ್ಸು ಮೂವತ್ತಮೂರು. ಈ ಆಟದಲ್ಲಿ ಆ ವಯಸ್ಸಿಗೆ ಎಷ್ಟೋ ರಿಸೀವರ್‌ಗಳು ಮನೆ ಸೇರಿರುತ್ತಾರೆ.

1997ರ ಮೊದಲ ಪಂದ್ಯ, ಟಾಂಪಾದಲ್ಲಿ. ಅಲ್ಲಿವರೆಗೆ ಹನ್ನೆರಡು ವರ್ಷ ಗಾಯದ ಕಾರಣಕ್ಕೆ ಒಂದು ಪಂದ್ಯವೂ ತಪ್ಪಿರಲಿಲ್ಲ. ಎದುರಾಳಿ ತಂಡದ ವಾರೆನ್ ಸಾಪ್ ಹಿಡಿದು ಕೆಡವಿದಾಗ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಸೀಸನ್ ಮುಗಿಯಿತು ಅಂದುಕೊಂಡರು ಎಲ್ಲರೂ. ರೈಸ್ ಡಿಸೆಂಬರ್‌ಗೇ ವಾಪಸ್ ಬಂದ, ಮೊಂಟಾನಾ ಗೌರವಕ್ಕೆ ಅವನ ಜೆರ್ಸಿ ನಂಬರನ್ನು ತಂಡ ಇನ್ಯಾರಿಗೂ ಕೊಡದ ಹಾಗೆ ಎತ್ತಿಟ್ಟ ರಾತ್ರಿ. ಟಚ್‌ಡೌನ್ ಹಿಡಿದ, ಬೀಳುವಾಗ ಅದೇ ಕಾಲಿನ ಮಂಡಿಚಿಪ್ಪು ಸೀಳಿತು. ಅದು ಹಟ, ಬುದ್ಧಿವಂತಿಕೆ ಅಲ್ಲ. ಇದನ್ನು ಸಾಹಸ ಅಂತ ಹೊಗಳೋರು ಇದ್ದಾರೆ, ನಾನಂತೂ ಹೊಗಳಲ್ಲ. ಆದರೆ 1998ರಲ್ಲಿ ಮತ್ತೆ ಬಂದು ಸಾವಿರ ಯಾರ್ಡ್ ದಾಟಿದ್ದು ಮಾತ್ರ ಒಪ್ಪಲೇಬೇಕು.

2001ರಲ್ಲಿ ಸೇತುವೆ ದಾಟಿ ಓಕ್ಲಂಡ್ ರೈಡರ್ಸ್. 2002ರ ಸೀಸನ್ ಮಧ್ಯದಲ್ಲಿ ನಲವತ್ತು ತುಂಬಿತು, ಆ ವರ್ಷ 92 ಕ್ಯಾಚ್, 1,211 ಯಾರ್ಡ್, ಇನ್ನೊಂದು ಸೂಪರ್ ಬೌಲ್, ಅದು ಸೋತದ್ದು. 2004ರಲ್ಲಿ ಬಫಲೋ ವಿರುದ್ಧ ಒಂದೂ ಕ್ಯಾಚ್ ಇಲ್ಲದೆ ಪಂದ್ಯ ಮುಗಿಯಿತು, ಅದಕ್ಕೆ ಮುಂಚೆ ಸತತ 274 ಪಂದ್ಯಗಳಲ್ಲಿ ಕನಿಷ್ಠ ಒಂದಾದರೂ ಇತ್ತು. ಸಿಟ್ಟು ಬಂತು, ಸಿಯಾಟಲ್‌ಗೆ ಹೋದ. 2005ರಲ್ಲಿ ಡೆನ್ವರ್ ಶಿಬಿರದಲ್ಲಿ ಮುಖ್ಯ ರಿಸೀವರ್‌ಗಳ ಸಾಲಿನಲ್ಲಿ ಜಾಗ ಇಲ್ಲ ಅಂತ ಗೊತ್ತಾದಾಗ ನಿವೃತ್ತಿ. 2010ರಲ್ಲಿ ಹಾಲ್ ಆಫ್ ಫೇಮ್.

ಒಂದು ಕಪ್ಪುಚುಕ್ಕೆ ಹೇಳದೆ ಮುಗಿಸಿದರೆ ನೀವೇ ಕೇಳುತ್ತೀರಿ. 2015ರಲ್ಲಿ ರೈಸ್ ತಾನಾಗೇ ಟಿವಿಯಲ್ಲಿ ಹೇಳಿದ, ಗ್ಲೌಸ್‌ಗೆ ಸ್ಟಿಕಂ ಅನ್ನೋ ಅಂಟು ಹಚ್ಚಿಕೊಳ್ಳುತ್ತಿದ್ದೆ ಅಂತ. ಅದನ್ನು ಲೀಗ್ 1981ರಲ್ಲೇ ನಿಷೇಧಿಸಿತ್ತು. ಅದೂ ಪೇಟ್ರಿಯಟ್ಸ್‌ನವರು ಚೆಂಡಿನ ಗಾಳಿ ತೆಗೆದರು ಅಂತ ಅವರನ್ನು ಬೈಯುತ್ತಿದ್ದ ಹೊತ್ತಿನಲ್ಲೇ ಈ ಮಾತು ಹೊರಬಿತ್ತು. ಆಗ ಎಲ್ಲರೂ ಹಚ್ಚಿಕೊಳ್ಳುತ್ತಿದ್ದರು ಅನ್ನೋದು ಅವನ ಸಮಜಾಯಿಷಿ. ಅದು ಸಾಲದು. ತಪ್ಪು ತಪ್ಪೇ. ಆದರೆ ಅಂಟು ಬೆರಳಿಗೆ ಸಹಾಯ ಮಾಡುತ್ತದೆ, ಡಿಫೆಂಡರ್‌ನಿಂದ ಎರಡು ಹೆಜ್ಜೆ ದೂರ ಇರೋಕೆ ಮಾಡುವುದಿಲ್ಲ.

ಕೊನೆಗೆ ಆ ಲೆಕ್ಕ. ಯಾರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನ ಲ್ಯಾರಿ ಫಿಟ್ಸ್‌ಜೆರಾಲ್ಡ್, ಹದಿನೇಳು ಸೀಸನ್ ಆಡಿ 17,492. ವ್ಯತ್ಯಾಸ 5,403. ವರ್ಷಕ್ಕೆ ಸಾವಿರದಂತೆ ಇನ್ನೂ ಐದು ವರ್ಷ ಆಡಿದ್ದರೂ ಸಾಲುತ್ತಿರಲಿಲ್ಲ. ಹೊಸಬ ಒಬ್ಬ ರೈಸ್‌ನನ್ನು ಹಿಡಿಯಬೇಕು ಅಂದರೆ ಇಪ್ಪತ್ತು ವರ್ಷ, ಪ್ರತಿ ವರ್ಷ ಸರಾಸರಿ 1,145 ಯಾರ್ಡ್ ತರಬೇಕು. ಈಗ ಸೀಸನ್‌ಗೆ 17 ಪಂದ್ಯ ಇವೆ, ನಿಯಮಗಳೂ ರಿಸೀವರ್ ಕಡೆಗೇ ಇವೆ, ಆದ್ದರಿಂದ ವರ್ಷಕ್ಕೆ ಅಷ್ಟು ತರೋದು ಮೊದಲಿನಷ್ಟು ಕಷ್ಟ ಅಲ್ಲ. ಕಷ್ಟ ಇರೋದು ಇಪ್ಪತ್ತರಲ್ಲಿ. ದುಡ್ಡು ಬೇಗ ಬರುತ್ತದೆ, ಮೈಗೆ ಪೆಟ್ಟೂ ಬೇಗ ಬೀಳುತ್ತದೆ, ಮೂವತ್ತೈದಕ್ಕೆ ಗುಡ್ಡ ಹತ್ತೋಕೆ ಯಾರಿಗೆ ಮನಸ್ಸಿರುತ್ತದೆ? ನನ್ನ ಜೀವಮಾನದಲ್ಲಿ ಈ ದಾಖಲೆ ಮುರಿಯುವುದಿಲ್ಲ ಅಂತ ಪಂದ್ಯ ಕಟ್ಟೋಕೆ ನಾನು ತಯಾರು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರು ರಾಂಡಿ ಮಾಸ್ ಹೆಸರು ಬಂದಾಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ, ಮೊದಲು ಅವರಿಗೇ ಮೈಕ್ ಕೊಡಿ.