ಹಿಂದೆ ಇರೋದೂ ಫೋಟೋದಲ್ಲಿ ಬರಲಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ತಿಪಟೂರಿನ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಇವತ್ತು ಅಡುಗೆ ಇಲ್ಲ, ಶಾಪಿಂಗ್ ಇಲ್ಲ. ನಾನು ದಿನಕ್ಕೊಂದರಂತೆ ತೆಗೆಯುವ ಫೋಟೋಗಳನ್ನು ಒಂದರ ಹಿಂದೆ ಒಂದು ತೋರಿಸುತ್ತಾ ಹೋಗುತ್ತೇನೆ. ಯಾಕೆ ತೆಗೆಯುತ್ತೇನೆ, ಹೇಗೆ ತೆಗೆಯುತ್ತೇನೆ ಅನ್ನೋದನ್ನೂ ಹೇಳುತ್ತೇನೆ. ತುಂಬಾ ಜನ ಕೇಳಿದ್ದಿರಿ.

ದಿನಕ್ಕೆ ಒಂದು ಫೋಟೋ, ಅಷ್ಟೇ. ಹಬ್ಬ ಇರಬೇಕು ಅಂತಿಲ್ಲ, ಯಾರೂ ಹೊಸ ಬಟ್ಟೆ ಹಾಕಿಕೊಳ್ಳಬೇಕು ಅಂತಿಲ್ಲ. ಈಗ ನೋಡುತ್ತಿದ್ದೀರಲ್ಲ, ಇದು ಮಂಗಳವಾರ ಬೆಳಗ್ಗೆ. ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಾಳೆ. ಇದು ಡೈರಿಗೆ ಹಾಲು ಹಾಕಿ ಬಂದ ಮೇಲೆ ತೊಳೆದು ಕವುಚಿಟ್ಟ ಕ್ಯಾನು. ಇದು ನಮ್ಮ ಮನೆಯವರು ಮೋಟರ್ ಸ್ಟಾರ್ಟರ್ ಮುಂದೆ ಕರೆಂಟ್ ಬರಲಿ ಅಂತ ಕಾದು ನಿಂತಿರುವುದು. ಇದರಲ್ಲಿ ಏನಿದೆ ಅನಿಸಬಹುದು. ಏನಿದೆ ಅಂತ ಹೇಳೋದಕ್ಕೇ ಈ ವಿಡಿಯೋ ಮಾಡಿದ್ದು.

ನಮ್ಮ ಮನೆಯ ಹಳೇ ಆಲ್ಬಂ ತೋರಿಸುತ್ತೇನೆ, ನೋಡಿ. ಆಗ ರೀಲ್ ಕಾಲ. ಒಂದು ರೀಲ್‌ಗೆ 36 ಫೋಟೋ. ರೀಲ್‌ಗೆ ದುಡ್ಡು, ತೊಳೆಸೋದಕ್ಕೆ ದುಡ್ಡು, ಪ್ರಿಂಟ್‌ಗೆ ಮತ್ತೆ ದುಡ್ಡು. ಹಾಗಾಗಿ ಮದುವೆ, ನಾಮಕರಣ, ಗೃಹಪ್ರವೇಶ ಬಿಟ್ಟರೆ ಬೇರೆ ಏನನ್ನೂ ತೆಗೆಯುತ್ತಿರಲಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ದಾರೆ, ಕೈ ಎಲ್ಲಿಡಬೇಕು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಮಾವನ ಅಮ್ಮ, ಅಂದರೆ ನಮ್ಮ ಮನೆಯವರ ಅಜ್ಜಿ, ಈ ಮನೆಯಲ್ಲಿ ಜೀವನ ಪೂರ್ತಿ ದುಡಿದವರು. ತೋಟದ ಆಳುಗಳಿಗೂ ಸೇರಿಸಿ ದಿನಾ ರಾಗಿ ಮುದ್ದೆ ತೊಳಸಿದವರು. ಅವರ ಫೋಟೋ ಇರುವುದು ಒಂದೇ ಒಂದು, ಯಾರದೋ ಮದುವೆಯಲ್ಲಿ, ಗಂಜಿ ಹಾಕಿದಂಥ ಸೀರೆ ಉಟ್ಟುಕೊಂಡು ಸಾಲಿನ ಕೊನೆಯಲ್ಲಿ ನಿಂತಿರುವುದು. ಅವರು ಕೆಲಸ ಮಾಡುತ್ತಿದ್ದ ಅಡುಗೆಮನೆಯ ಫೋಟೋ ಇಲ್ಲ. ಸೌದೆ ಒಲೆ ಯಾವ ಗೋಡೆ ಕಡೆ ಇತ್ತು ಅಂತ ಅತ್ತೆಗೂ ಮಾವನಿಗೂ ಈಗಲೂ ವಾದ ನಡೆಯುತ್ತದೆ.

ಆದರೆ ಇದೊಂದು ಫೋಟೋ ನೋಡಿ. ಮಾವನ ತಂಗಿಯ ಮದುವೆಯದು. ಮದುಮಗಳ ಹಿಂದೆ ಒಂದು ಬಾಗಿಲು ಅರ್ಧ ತೆರೆದಿದೆ. ಝೂಮ್ ಮಾಡುತ್ತೇನೆ. ಬಾಗಿಲ ಸಂದಿಯಲ್ಲಿ ಬೀಸುಕಲ್ಲಿನ ಅರ್ಧ ಭಾಗ, ಗೋಡೆಗೆ ಒರಗಿಸಿಟ್ಟ ಮೊರ, ಪಕ್ಕದಲ್ಲಿ ಬಾಯಿ ಕಟ್ಟಿದ ಚೀಲ. ಮನೆಗೆ ನೆಂಟರು ಬಂದಾಗ ಆಲ್ಬಂ ತೆಗೆದರೆ, ಈ ಫೋಟೋ ಬಂದ ತಕ್ಷಣ ಎಲ್ಲರೂ ಮದುಮಗಳನ್ನು ಬಿಟ್ಟು ಆ ಬಾಗಿಲ ಸಂದಿಯನ್ನೇ ನೋಡುತ್ತಾರೆ. ‘ಆ ಬೀಸುಕಲ್ಲು ಎಲ್ಲಿ ಹೋಯ್ತು?’ ‘ಆ ಬಾಗಿಲಿಗೆ ಅಗುಳಿ ಇತ್ತಲ್ವಾ?’ ಅರ್ಧ ಗಂಟೆ ಮಾತು. ಫೋಟೋ ತೆಗೆದವರು ಅದನ್ನು ತೆಗೆಯಬೇಕು ಅಂತ ತೆಗೆದದ್ದಲ್ಲ. ಸುಮ್ನೆ ಹಿಂದೆ ಬಂದುಬಿಟ್ಟಿದೆ.

ನನಗೆ ಮುಖ್ಯ ಅನಿಸಿದ್ದು ಇದೇ. ಮುಖಗಳು ಎಲ್ಲಾದರೂ ಸಿಗುತ್ತವೆ, ಆಧಾರ್ ಕಾರ್ಡಿನಲ್ಲೂ ಸಿಗುತ್ತವೆ. ಮುಖದ ಹಿಂದೆ ಇದ್ದ ಗೋಡೆ, ಕೈಯಲ್ಲಿ ಹಿಡಿದಿದ್ದ ಪಾತ್ರೆ, ಮಾಡುತ್ತಿದ್ದ ಕೆಲಸ, ಇವನ್ನು ಯಾರೂ ಇಡುವುದಿಲ್ಲ. ಅದಕ್ಕೇ ನಾನು ಪೋರ್ಟ್ರೇಟ್ ಮೋಡ್ ಹಾಕುವುದೇ ಇಲ್ಲ. ಅದು ಮುಖ ಚೆನ್ನಾಗಿ ಕಾಣಲಿ ಅಂತ ಹಿಂದಿನದನ್ನೆಲ್ಲ ಮಸುಕು ಮಾಡುತ್ತದೆ. ನನಗೆ ಬೇಕಾದದ್ದೇ ಹಿಂದಿನದು. ಬ್ಯೂಟಿ ಫಿಲ್ಟರ್ ಕೂಡ ಆಫ್. ಎರಡು ಹೆಜ್ಜೆ ಹಿಂದೆ ಹೋಗಿ, ಇಡೀ ಜಾಗ ಬರುವ ಹಾಗೆ ತೆಗೆಯಿರಿ. ಗ್ಯಾಸ್ ಮೇಲಿನ ಎಣ್ಣೆ ಕಲೆ, ಕ್ಯಾಲೆಂಡರ್, ಮೊಳೆಗೆ ನೇತು ಹಾಕಿದ ಟವೆಲ್, ಎಲ್ಲಾ ಬರಲಿ. ಫೋಟೋಗೆ ಅಂತ ಮನೆ ಎತ್ತಿಡಬೇಡಿ.

ದಿನಕ್ಕೊಂದು ಫೋಟೋ ಅನ್ನೋದು ನನ್ನ ಯೋಚನೆ ಏನಲ್ಲ. ಅಮೆರಿಕದಲ್ಲಿ ಜೇಮೀ ಲಿವಿಂಗ್‌ಸ್ಟನ್ ಅಂತ ಒಬ್ಬರಿದ್ದರು. 1979ರ ಮಾರ್ಚ್ 31ರಂದು ಶುರು ಮಾಡಿ 1997ರ ಅಕ್ಟೋಬರ್ 25ರವರೆಗೆ ದಿನಕ್ಕೊಂದು ಪೋಲರಾಯ್ಡ್ ತೆಗೆದರು. ಪೋಲರಾಯ್ಡ್ ಅಂದರೆ ಕ್ಲಿಕ್ ಮಾಡಿದ ಕೂಡಲೇ ಕ್ಯಾಮೆರಾದಿಂದಲೇ ಪ್ರಿಂಟ್ ಹೊರಗೆ ಬರುತ್ತದಲ್ಲ, ಅದು. ಒಟ್ಟು ಆರು ಸಾವಿರಕ್ಕೂ ಜಾಸ್ತಿ ಫೋಟೋ. ಗೆಳೆಯರು, ಊಟದ ತಟ್ಟೆ, ಟಿವಿ ಪರದೆ, ರಸ್ತೆ, ಹೀಗೆ ಕಣ್ಣಿಗೆ ಬಿದ್ದದ್ದು. ಕೊನೆಕೊನೆಗೆ ಆಸ್ಪತ್ರೆ. ಅವರಿಗೆ ಮೆದುಳಿನಲ್ಲಿ ಗೆಡ್ಡೆ ಆಗಿತ್ತು. ಕೊನೆಯ ಫೋಟೋದ ದಿನವೇ ತೀರಿಕೊಂಡರು, ಅವತ್ತು ಅವರ 41ನೇ ಹುಟ್ಟುಹಬ್ಬ. ಆಮೇಲೆ ಗೆಳೆಯರು ಅಷ್ಟೂ ಫೋಟೋಗಳನ್ನು ಜೋಡಿಸಿ, ಅವರು ಓದಿದ ಕಾಲೇಜಿನಲ್ಲೇ ಪ್ರದರ್ಶನ ಇಟ್ಟರು. ನಾನು ಅವನ್ನು ಇಂಟರ್ನೆಟ್‌ನಲ್ಲಿ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಯಾವ ಫೋಟೋ ಕೂಡ ‘ಆಹಾ’ ಅನ್ನುವ ಹಾಗಿರಬೇಕು ಅಂತ ತೆಗೆದದ್ದಲ್ಲ. ಆದರೆ ಒಬ್ಬ ಮನುಷ್ಯ ಹದಿನೆಂಟು ವರ್ಷ ಹೇಗೆ ಬದುಕಿದ ಅನ್ನೋದು ಪೂರ್ತಿ ಸಿಗುತ್ತದೆ.

ನಮ್ಮವರನ್ನೂ ಹೇಳಬೇಕು. ಮೈಸೂರಿನ ಟಿ. ಎಸ್. ಸತ್ಯನ್. ದೊಡ್ಡ ಪತ್ರಿಕಾ ಛಾಯಾಗ್ರಾಹಕರು, 1977ರಲ್ಲಿ ಪದ್ಮಶ್ರೀ ಬಂದಿತ್ತು, 2009ರಲ್ಲಿ ತೀರಿಕೊಂಡರು. ಅವರು ಪ್ರಧಾನಿಗಳ ಫೋಟೋನೂ ತೆಗೆದವರು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಅವರು ತೆಗೆದ ಮಕ್ಕಳ ಫೋಟೋಗಳು, ಬೀದಿಯ ಜನರ ಫೋಟೋಗಳು. ಯಾರೂ ಕ್ಯಾಮೆರಾಗೆ ಅಂತ ನಗುತ್ತಿಲ್ಲ, ಅವರವರ ಪಾಡಿಗೆ ಅವರಿದ್ದಾರೆ. ನಮ್ಮ ಕಡೆಯ ಸಾಮಾನ್ಯ ಜನರನ್ನು ಅಷ್ಟು ಮರ್ಯಾದೆಯಿಂದ ನೋಡಿದ ಕಣ್ಣು ಅದು. ಅವರ ಫೋಟೋಗಳನ್ನು ನೋಡಿದ ಮೇಲೆ ನಾನು ‘ಈ ಕಡೆ ನೋಡಿ, ಸ್ಮೈಲ್’ ಅನ್ನೋದನ್ನೇ ಬಿಟ್ಟೆ.

ಈಗ ಅಟ್ಟ. ಈ ಸೀರೀಸ್ ನನಗೆ ತುಂಬಾ ಇಷ್ಟ. ತಿಪಟೂರು ಅಂದರೆ ಕೊಬ್ಬರಿ, ನಿಮಗೆ ಗೊತ್ತೇ ಇದೆ. ಬಲಿತ ಕಾಯಿ ಕೆಡವಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಸುಮಾರು ಒಂದು ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕರಟ ಬಿಡುತ್ತದೆ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ, ಗಿಟುಕು. ನಾನು ತಿಂಗಳಿಗೊಮ್ಮೆ ಏಣಿಯ ಅದೇ ಮೆಟ್ಟಿಲ ಮೇಲೆ ನಿಂತು ಅದೇ ಮೂಲೆಯ ಫೋಟೋ ತೆಗೆಯುತ್ತೇನೆ. ಒಂದರ ಹಿಂದೆ ಒಂದು ಹಾಕುತ್ತೇನೆ, ನೋಡಿ. ಮೊದಲು ಹಸಿರು ಮಾಸಿದ ಕಾಯಿ, ಆಮೇಲೆ ಕಂದು, ಆಮೇಲೆ ಬೂದಿ ಬಣ್ಣ. ರಾಶಿ ಸ್ವಲ್ಪ ಕುಸಿದಿದೆ. ಇಲ್ಲಿ ಬೆಕ್ಕು ಮರಿ ಹಾಕಿದೆ. ಇದರಲ್ಲಿ ಮರಿಗಳು ಇಲ್ಲ, ದೊಡ್ಡವಾಗಿ ಇಳಿದು ಹೋಗಿವೆ. ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು ಇದೆ, ಅದರಿಂದ ಬೀಳುವ ಬಿಸಿಲಿನ ತುಂಡು ಪ್ರತಿ ತಿಂಗಳೂ ಬೇರೆ ಬೇರೆ ಕಡೆ ಬಿದ್ದಿದೆ. ದಿನಾ ಹತ್ತಿ ಇಳಿಯುವ ಮಾವನಿಗೂ ಇದು ಹೊಸದಾಗಿ ಕಂಡಿತು.

ಒಂದೇ ಜಾಗ, ಒಂದೇ ಕೋನ. ಇದರಲ್ಲಿ ತುಂಬಾ ಶಕ್ತಿ ಇದೆ. ನಿಕೋಲಸ್ ನಿಕ್ಸನ್ ಅಂತ ಅಮೆರಿಕದ ಇನ್ನೊಬ್ಬ ಛಾಯಾಗ್ರಾಹಕರು 1975ರಿಂದ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಅಕ್ಕತಂಗಿಯರನ್ನು ವರ್ಷಕ್ಕೊಮ್ಮೆ ಅದೇ ಸಾಲಿನಲ್ಲಿ ನಿಲ್ಲಿಸಿ ತೆಗೆಯುತ್ತಾ ಬಂದರು. ನಲವತ್ತು ವರ್ಷಕ್ಕೂ ಜಾಸ್ತಿ. ನಿಮ್ಮ ಮನೆಯಲ್ಲೂ ಒಂದು ಜಾಗ ಆರಿಸಿಕೊಳ್ಳಿ. ಜಗಲಿ ಆಗಬಹುದು, ಸಿಂಕ್ ಆಗಬಹುದು, ಬಾಗಿಲ ಮುಂದಿನ ಚಪ್ಪಲಿ ಆಗಬಹುದು. ಏನೂ ಹೊಳೆಯದ ದಿನ ಆ ಜಾಗ ಕೈ ಹಿಡಿಯುತ್ತದೆ.

ಇದು ಅತ್ತೆ. ಕರಟ ಒಡೆದು ಗಿಟುಕು ಬಿಡಿಸುತ್ತಿದ್ದಾರೆ. ಕೈ ನೋಡಿ, ಹತ್ತಿರದಿಂದ ತೆಗೆದಿದ್ದೇನೆ. ಎಡಗೈಯಲ್ಲಿ ಕಾಯಿ ತಿರುಗುತ್ತಾ ಇರುತ್ತದೆ, ಬಲಗೈ ಮಚ್ಚು ಸುತ್ತಲೂ ತಟ್ಟುತ್ತಾ ಬರುತ್ತದೆ. ಕರಟ ಮಾತ್ರ ಒಡೆಯಬೇಕು, ಕೊಬ್ಬರಿಗೆ ಪೆಟ್ಟು ಬೀಳಬಾರದು. ಇಡಿಯಾಗಿ ಬಂದರೆ ಒಂದು ರೇಟು, ಚೂರಾದರೆ ಕಡಿಮೆ. ಹೆಬ್ಬೆರಳಿನ ಪಕ್ಕ ಆ ಗಟ್ಟಿ ಚರ್ಮ ಕಾಣುತ್ತಿದೆಯಲ್ಲ, ಅದು ಈ ಕೆಲಸದಿಂದಲೇ ಬಂದದ್ದು. ಮೊದಮೊದಲು ಅತ್ತೆ ಒಪ್ಪುತ್ತಿರಲಿಲ್ಲ. ‘ತಲೆನೂ ಬಾಚಿಲ್ಲ ಕಣಮ್ಮ, ಈ ಅವತಾರದಲ್ಲಿ ಯಾಕೆ ಫೋಟೋ? ಇರು, ಸೀರೆ ಬದಲಾಯಿಸಿಕೊಂಡು ಬರ್ತೀನಿ’ ಅನ್ನುತ್ತಿದ್ದರು. ‘ಅತ್ತೆ, ನೀವು ಕೆಲಸ ಮಾಡೋದೇ ನನಗೆ ಬೇಕು, ಮುಖ ಬೇಡ ಅಂದ್ರೆ ಬರೀ ಕೈ ತೆಗೀತೀನಿ’ ಅಂದೆ. ಕೈಯಿಂದ ಶುರುವಾಯಿತು. ಈಗ ಮುಖವೂ ಬರುತ್ತದೆ. ಇವತ್ತು ಬೇಡ ಅಂದ ದಿನ ನಾನು ತೆಗೆಯುವುದಿಲ್ಲ. ಈ ವಿಡಿಯೋದಲ್ಲಿ ಹಾಕಿರುವ ಪ್ರತಿಯೊಂದನ್ನೂ ಮನೆಯವರಿಗೆ ತೋರಿಸಿ, ಹೂಂ ಅನ್ನಿಸಿಕೊಂಡೇ ಹಾಕಿದ್ದು. ಮಗಳ ಸ್ನಾನದ್ದು, ಅಳುವುದು, ಸ್ಕೂಲ್ ಹೆಸರು ಕಾಣುವುದು, ಇವು ಮನೆಯ ಆಲ್ಬಂಗೆ ಮಾತ್ರ. ಮಕ್ಕಳಿಗೂ ನಾಳೆ ದೊಡ್ಡವರಾದ ಮೇಲೆ ಒಂದು ಮಾತು ಇರುತ್ತದೆ ಅಲ್ವಾ?

ಕಷ್ಟದ ದಿನಗಳಲ್ಲಿ ತೆಗೆಯಬೇಕಾ? ನನ್ನ ಉತ್ತರ, ತೆಗೆಯಬೇಕು. ಮಾವನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯಲ್ಲಿ ನಾನು ಅವರ ಮುಖ ತೆಗೆಯಲಿಲ್ಲ, ಮನಸ್ಸು ಬರಲಿಲ್ಲ. ಗಂಜಿಯ ಸ್ಟೀಲ್ ಡಬ್ಬಿ, ಕಿಟಕಿಯಲ್ಲಿ ಒಣಗಲು ಹಾಕಿದ ಪಂಚೆ, ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದ ನಮ್ಮ ಮನೆಯವರು, ಇಂಥವನ್ನು ತೆಗೆದೆ. ಮನೆಗೆ ಬಂದ ಮೇಲೆ ಮಾವ ಕಾಯಿ ಲೆಕ್ಕದ ಪುಸ್ತಕ ತರಿಸಿಕೊಂಡು ದಿನಾ ನಾಲ್ಕು ಸಾಲು ಬರೆಯಲು ಶುರು ಮಾಡಿದರು. ಆ ಪುಟವನ್ನು ನಾನು ತೆಗೆಯುತ್ತಾ ಹೋದೆ. ಮೊದಲ ಪುಟದಲ್ಲಿ ಅಂಕಿಗಳು ಗೆರೆ ಬಿಟ್ಟು ಕೆಳಗೆ ಜಾರಿವೆ, 8 ಯಾವುದು 3 ಯಾವುದು ಗೊತ್ತಾಗುವುದಿಲ್ಲ. ‘ಏನೂ ಸುಧಾರಿಸ್ತಿಲ್ಲ, ಯಾಕೆ ಈ ಕಸರತ್ತು’ ಅಂತ ಮಾವ ಪೆನ್ನು ಬಿಸಾಕಿದ ದಿನ ನಾನು ಫೋನಿನಲ್ಲಿ ಎಲ್ಲಾ ಪುಟಗಳನ್ನೂ ಒಂದರ ಹಿಂದೆ ಒಂದು ತೋರಿಸಿದೆ. ಸುಮ್ಮನೆ ನೋಡಿದರು. ‘ಇನ್ನೊಂದ್ಸಲ ಹಿಂದಕ್ಕೆ ಹೋಗು’ ಅಂದರು. ಎರಡು ಸಲ ನೋಡಿದರು. ದಿನದಿಂದ ದಿನಕ್ಕೆ ಗೊತ್ತಾಗದ ಬದಲಾವಣೆ, ಮೊದಲ ಪುಟದ ಪಕ್ಕದಲ್ಲಿ ಆವತ್ತಿನ ಪುಟ ಇಟ್ಟರೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ವ್ಯಾಯಾಮ ಹೇಳಿಕೊಡಲು ಬರುವವರಿಗೂ ತೋರಿಸಿದೆವು, ತುಂಬಾ ಖುಷಿಪಟ್ಟರು. ಆಮೇಲೆ ಮಾವನೇ ‘ಇವತ್ತಿಂದು ತೆಗೆದ್ಯೇನಮ್ಮ?’ ಅಂತ ಕೇಳಲು ಶುರು ಮಾಡಿದರು.

ಸರಿ, ಈಗ ಸ್ವಲ್ಪ ಕೆಲಸದ ಮಾತು. ದೊಡ್ಡ ಫೋನ್ ಬೇಡ, ಇರುವುದೇ ಸಾಕು. ತೆಗೆಯುವ ಮುಂಚೆ ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯಲ್ಲಿ ಎಣ್ಣೆ ಕೈ ತಾಗಿರುತ್ತದೆ, ಫೋಟೋ ಮಂಜಾಗುವುದು ಅದರಿಂದಲೇ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಮಕ್ಕಳನ್ನು ತೆಗೆಯುವಾಗ ನೆಲಕ್ಕೆ ಕೂತುಬಿಡಿ.

ತೆಗೆಯೋದು ಸುಲಭ, ಉಳಿಸಿಕೊಳ್ಳೋದೇ ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೀನಿ, ಅಲ್ಲೇ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಸೈಜ್ ಇಳಿಸುತ್ತದೆ, ಫೋಟೋ ಜೊತೆಗಿರುವ ದಿನಾಂಕದ ಮಾಹಿತಿಯನ್ನೂ ತೆಗೆದುಬಿಡುತ್ತದೆ. ಡಾಕ್ಯುಮೆಂಟ್ ಥರ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ನಾವು ಹಾಕುವ ಫೋಟೋಗಳು ಹಿಡಿಯುವ ಜಾಗವನ್ನು ಲೆಕ್ಕ ಹಾಕುತ್ತದೆ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ನಿಮ್ಮ ಜಿಮೇಲ್ ಕೂಡ ಸೇರಿರುತ್ತದೆ. ದಿನಕ್ಕೆ ಒಂದೇ ಆದರೆ ಭಯ ಇಲ್ಲ. ಒಂದು ಫೋಟೋ 4 ಎಂಬಿ ಅಂದುಕೊಂಡರೂ 365ಕ್ಕೆ ಒಂದೂವರೆ ಜಿಬಿ ಆಗುತ್ತದೆ. ಒಂದೇ ಥರದ ಇಪ್ಪತ್ತು ಫೋಟೋ ತೆಗೆದು ಎಲ್ಲಾ ಇಟ್ಟುಕೊಂಡರೆ ಜಾಗವೂ ಸಾಲದು, ಆಮೇಲೆ ಯಾರೂ ತಿರುಗಿ ನೋಡುವುದೂ ಇಲ್ಲ. ರಾತ್ರಿ ಮಲಗುವ ಮುಂಚೆ ಒಂದನ್ನು ಆರಿಸಿ ಬೇರೆ ಆಲ್ಬಂಗೆ ಹಾಕುತ್ತೇನೆ. ಇನ್ನೊಂದು ಕಾಪಿ ಹಾರ್ಡ್ ಡಿಸ್ಕ್‌ನಲ್ಲಿ.

ತಿಂಗಳಿಗೆ ಕೆಲವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುತ್ತೇನೆ, ನಾಲ್ಕು ಇಂಚು ಆರು ಇಂಚಿನದು. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಅಂತ ಹಿಂದುಗಡೆ ಬರೆಯುತ್ತೇನೆ. ಒತ್ತಿ ಬರೆಯಬೇಡಿ, ಮುಂದಕ್ಕೆ ಗುರುತು ಬೀಳುತ್ತದೆ. ಅಂಟು ಇರುವ ಪುಟಗಳ ಆಲ್ಬಂ ಬೇಡ, ಆ ಅಂಟು ಹಳದಿಯಾಗಿ ಫೋಟೋ ಹಿಡಿದುಕೊಂಡುಬಿಡುತ್ತದೆ. ಜೇಬಿನ ಥರ ಇರುವ ಪುಟಗಳೇ ಒಳ್ಳೆಯದು. ಪ್ರಿಂಟ್ ಮನೆಗೆ ಬಂದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಕೂರುತ್ತಾರೆ. ಫೋನಿನಲ್ಲಿ ತೋರಿಸಿದರೆ ಒಂದು ಸಲ ನೋಡಿ ಹೂಂ ಅನ್ನುವವರು, ಕೈಗೆ ಕೊಟ್ಟರೆ ಅರ್ಧ ದಿನ ಬಿಡುವುದಿಲ್ಲ. ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾರೆ, ಆ ನೆವದಲ್ಲಿ ಹಳೇ ಕಥೆಗಳು ಹೊರಗೆ ಬರುತ್ತವೆ. ಅದನ್ನೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ಇನ್ನೊಂದು ಮಾತು, ಇದು ಅಮ್ಮಂದಿರಿಗೆ ಜಾಸ್ತಿ ಅನ್ವಯಿಸುತ್ತದೆ. ಫೋಟೋ ತೆಗೆಯುವವರು ಫೋಟೋದಲ್ಲಿ ಇರುವುದಿಲ್ಲ. ಹಾಗಾಗಿ ಭಾನುವಾರದ ಫೋಟೋ ಮಗಳದ್ದು, ಫೋನ್ ಅವಳ ಕೈಗೆ. ಇದು ಅವಳು ತೆಗೆದದ್ದು. ನಾನು ರೊಟ್ಟಿ ತಟ್ಟುತ್ತಿದ್ದೇನೆ, ತಲೆ ಅರ್ಧ ಕಟ್ ಆಗಿದೆ, ಆದರೆ ಹಿಂದಿನ ಡಬ್ಬಿಗಳೆಲ್ಲ ಸಾಲಾಗಿ ಬಂದಿವೆ, ಕಿಟಕಿಯಿಂದಾಚೆ ಅತ್ತೆ ಬಟ್ಟೆ ಹಿಂಡುತ್ತಿರುವುದೂ ಬಂದಿದೆ. ನಾನೇ ತೆಗೆದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಮುಂದಿನ ವಾರ ಅಟ್ಟದಿಂದ ಕಾಯಿ ಇಳಿಸುತ್ತೇವೆ, ಸುಲಿಯುವವರು ಬರುತ್ತಾರೆ, ಮನೆ ತುಂಬಾ ಜನ ಇರುತ್ತಾರೆ. ಆ ವಿಡಿಯೋ ಹಾಕುತ್ತೇನೆ. ಅಷ್ಟರೊಳಗೆ ನೀವೂ ಶುರು ಮಾಡಿ. ಇವತ್ತೇ ಅಡುಗೆಮನೆಯಿಂದಲೇ ಶುರು ಮಾಡಿದರೆ ಆಯ್ತು. ಬರ್ತೀನಿ, ನಮಸ್ಕಾರ.