ಟಕ್ ಅಂದ ಮೇಲೆ

ಕೇಳುಗರಿಗೆ ನಮಸ್ಕಾರ.

ಕಾರು ಓಡಿಸುವವರಿಗೆಲ್ಲ ಒಂದು ಸದ್ದು ಚೆನ್ನಾಗಿ ಗೊತ್ತು. ಟಕ್. ಅಷ್ಟೇ. ಮುಂದೆ ಒಂದು ಲಾರಿ ಹೋಗುತ್ತಿರುತ್ತದೆ, ಕಾರಿನೊಳಗೆ ಮಾತು ನಡೆಯುತ್ತಿರುತ್ತದೆ, ಎಲ್ಲಿಂದಲೋ ಟಕ್ ಅನ್ನುತ್ತದೆ. ಮಾತು ನಿಲ್ಲುತ್ತದೆ. ಎಲ್ಲರೂ ಮೊದಲು ಮುಂದಿನ ಗಾಜು ನೋಡುತ್ತಾರೆ. ಗಾಜಿಗೆ ಏನೂ ಆಗಿಲ್ಲವೆಂದರೆ, ಸದ್ಯ ಅಂತ ಉಸಿರು ಬಿಟ್ಟು ಮಾತು ಮುಂದುವರಿಸುತ್ತಾರೆ. ಲಾರಿ ಚಕ್ರದಿಂದ ಚಿಮ್ಮಿ, ಗಾಜಿಗೆ ಬೀಳದ ಆ ಕಲ್ಲು ಮತ್ತೆಲ್ಲಿಗೆ ಬಿತ್ತು ಅಂತ ಯಾರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ನನ್ನ ಮೊದಲ ಕಾರಿನ ಬಾನೆಟ್ ಅಂಚಿನಲ್ಲಿ ಹೀಗೇ ಕಲ್ಲು ತಾಗಿ, ಬಣ್ಣ ಕಿತ್ತು ಒಂದು ಚುಕ್ಕೆ ಬಿದ್ದಿತ್ತು. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ತೊಳೆಯುವಾಗ ಕಣ್ಣಿಗೆ ಬಿತ್ತು. ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಸುಮ್ನೆ ಬಿಟ್ಟೆ. ಮಳೆಗಾಲ ಬಂತು, ಹೋಯಿತು. ಚುಕ್ಕೆಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಆಗಲೂ ಬಿಟ್ಟೆ. ಮುಂದಿನ ವರ್ಷ ನೋಡಿದರೆ ಸುತ್ತಲಿನ ಬಣ್ಣ ಗುಳ್ಳೆ ಎದ್ದಿದೆ. ಬೆರಳಿನಿಂದ ಒತ್ತಿದೆ. ಒಣಗಿದ ಎಲೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲ ತುಕ್ಕು. ಕೊನೆಗೆ ಇಡೀ ಬಾನೆಟ್ ಉಜ್ಜಿಸಿ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡ ಹಾಗಾಯಿತು.

ಆ ಸಾಸಿವೆ ಕಾಳು ಇಷ್ಟು ದೊಡ್ಡದಾಗಿದ್ದು ಹೇಗೆ? ಒಂದು ನಿಮಿಷ, ಈ ಸದ್ದು ಕೇಳಿ. ಸರಸರ ಅಂದಿದ್ದು ನನ್ನ ಕೈಯಲ್ಲಿರುವ ಹಾಳೆ. ಈ ಭಾಷಣ ಬರೆದುಕೊಂಡಿರುವ ಮಾಮೂಲಿ ಬಿಳಿ ಹಾಳೆ. ಇದರ ದಪ್ಪ ಹೆಚ್ಚುಕಡಿಮೆ 100 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ನಿಮ್ಮ ಕಾರಿನ ಮೇಲಿರುವ ಬಣ್ಣ, ಎಲ್ಲ ಪದರ ಸೇರಿಸಿ ಅಳೆದರೂ, ಇಷ್ಟೇ. ಸಾಮಾನ್ಯವಾಗಿ ಜಾಸ್ತಿ ಅಂದರೆ ಇದರ ಒಂದೂವರೆಯಷ್ಟು.

ಇಷ್ಟು ತೆಳುವಾದದ್ದರಲ್ಲಿ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ಕಾರ್ಖಾನೆಯಲ್ಲಿ ಕಾರಿನ ಇಡೀ ತಗಡಿನ ಮೈಯನ್ನು ಒಂದು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ತುಕ್ಕು ತಡೆಯುವ ಮೊದಲ ಪದರವನ್ನು ಮೂಲೆಮೂಲೆಗೂ ಅಂಟಿಸುತ್ತಾರೆ. ಅದು ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣ ಚೆನ್ನಾಗಿ ಹಿಡಿಯಲು ಹಚ್ಚುವ ತಳಪದರ. ಆಮೇಲೆ ನೀವು ಇಷ್ಟಪಟ್ಟು ಆರಿಸಿದ ಬಣ್ಣ. ತಮಾಷೆಯೆಂದರೆ, ಕೆಂಪು ಬೇಕೋ ಬಿಳಿ ಬೇಕೋ ಅಂತ ಮನೆಯವರೆಲ್ಲ ವಾರಗಟ್ಟಲೆ ಚರ್ಚೆ ಮಾಡಿದ ಆ ಬಣ್ಣದ ಪದರ ಎಷ್ಟೋ ಕಾರುಗಳಲ್ಲಿ ತಲೆಕೂದಲಿಗಿಂತ ತೆಳ್ಳಗಿರುತ್ತದೆ. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್. ಕಾರು ಹೊಳೆಯುವುದು ಇದರಿಂದ. ಬಿಸಿಲು, ಮಳೆ, ಧೂಳು, ನಾವು ಬಟ್ಟೆ ಹಿಡಿದು ಉಜ್ಜುವುದು, ಎಲ್ಲವನ್ನೂ ತಡೆದುಕೊಳ್ಳುವುದೂ ಇದೇ.

ಈಗ ಕಲ್ಲಿಗೆ ಬರೋಣ. ಕಲ್ಲು ಬಂದು ಹೊಡೆಯಿತು ಅನ್ನುತ್ತೇವೆ. ಬಹಳ ಸಲ ಆಗುವುದು ತಿರುಗಾಮುರುಗ. ಮುಂದಿನ ಗಾಡಿಯ ಚಕ್ರ ಒಂದು ಜಲ್ಲಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದು ಇನ್ನೂ ಗಾಳಿಯಲ್ಲಿರುವಾಗಲೇ ನಮ್ಮ ಕಾರು ಹೋಗಿ ಅದಕ್ಕೆ ಗುದ್ದುತ್ತದೆ. ಹಾಗಾಗಿ ಪೆಟ್ಟಿನ ಜೋರು ನಮ್ಮ ವೇಗದ ಮೇಲೆ ನಿಂತಿದೆ. ಅದೂ ಸರಳ ಲೆಕ್ಕವಲ್ಲ. 40 ಕಿಲೋಮೀಟರ್ ವೇಗದಲ್ಲಿ ತಾಗುವ ಕಲ್ಲು 80ರಲ್ಲಿ ತಾಗಿದರೆ ಪೆಟ್ಟಿನ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ.

ಹೊಸದಾಗಿ ಜಲ್ಲಿ ಹಾಸಿದ ರಸ್ತೆಯಲ್ಲಿ ವೇಗ ಅರ್ಧಕ್ಕಿಳಿಸಿದರೆ ಎಷ್ಟು ಲಾಭ ಅಂತ ನೀವೇ ಯೋಚಿಸಿ. ಜಲ್ಲಿ, ಮರಳು ತುಂಬಿದ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗುವುದಂತೂ ಬೇಡವೇ ಬೇಡ. ಎಷ್ಟು ದೂರ ಬಿಡಬೇಕು ಅಂದರೆ, ಅದು ದಾಟಿದ ಕಂಬವನ್ನು ನೀವು ದಾಟುವಷ್ಟರಲ್ಲಿ ಕನಿಷ್ಠ ಮೂರು ಸೆಕೆಂಡ್ ಆಗಿರಬೇಕು. 80ರ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಅಂದರೆ 65 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಮುಂದೆ ಚಿಮ್ಮಿದ ಬಹುಪಾಲು ಕಲ್ಲು ನೆಲ ಸೇರಿರುತ್ತದೆ. ಅಷ್ಟು ಜಾಗ ಬಿಟ್ಟರೆ ಯಾರಾದರೂ ನಡುವೆ ನುಗ್ಗುತ್ತಾರೆ, ನಿಜ. ನುಗ್ಗಲಿ ಬಿಡಿ. ಕಲ್ಲು ಅವರ ಬಾನೆಟ್ಟಿಗೆ ಬೀಳುತ್ತದೆ.

ಎಲ್ಲ ಕಲ್ಲೂ ಬೇರೆಯವರದ್ದೇ ಅಂತಲೂ ಇಲ್ಲ. ನಮ್ಮ ಮುಂದಿನ ಚಕ್ರಗಳು ಎಸೆಯುವ ಕಲ್ಲು ನಮ್ಮದೇ ಬಾಗಿಲಿನ ಕೆಳಭಾಗಕ್ಕೆ, ಹಿಂದಿನ ಚಕ್ರದ ಮುಂಭಾಗಕ್ಕೆ ಬಡಿಯುತ್ತದೆ. ಒಮ್ಮೆ ಬಗ್ಗಿ ಅಲ್ಲಿ ಕೈ ಆಡಿಸಿ ನೋಡಿ, ತರಿತರಿ ಅನಿಸುತ್ತದೆ. ಮಡ್ ಫ್ಲ್ಯಾಪ್ ಅಂದರೆ ಕೆಸರು ತಡೆಯುವ ರಬ್ಬರ್ ಅಂತ ನಾವು ಅಂದುಕೊಂಡಿದ್ದೇವೆ. ಈ ಕಲ್ಲನ್ನು ತಡೆಯುವುದೂ ಅದೇ. ಕಾರಿಗೆ ಹಾಕಿಸುವ ಎಕ್ಸ್‌ಟ್ರಾ ಸಾಮಾನುಗಳಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಕಲ್ಲು ಬೀಳುತ್ತದೆ. ಬಿದ್ದಾಗ ಮೊದಲು ಆ ಗುಳಿಯ ಒಳಗೆ ಏನು ಕಾಣುತ್ತದೆ ನೋಡಿ. ಟಾರ್ಚ್ ಹಿಡಿಯಿರಿ, ಕನ್ನಡಕ ಹಾಕಿಕೊಳ್ಳಿ. ಸಾಮಾನ್ಯವಾಗಿ ಮಾಸಲು ಬೂದು ಬಣ್ಣ ಕಂಡರೆ ಅದು ಪ್ರೈಮರ್. ಅಂದರೆ ಕಲ್ಲು ತಗಡಿನವರೆಗೆ ಹೋಗಿಲ್ಲ, ನಿಮಗೆ ಸ್ವಲ್ಪ ಸಮಯ ಇದೆ. ಹೊಳೆಯುವ ಲೋಹ ಕಂಡರೆ ಆ ವಾರವೇ ಕೆಲಸ ಶುರು ಮಾಡಿ. ಗುಳಿ ಬಂಪರಿನಲ್ಲಿದ್ದರೆ ಗಾಬರಿ ಬೇಡ. ಈಗಿನ ಬಹುತೇಕ ಬಂಪರ್‌ಗಳು ಪ್ಲಾಸ್ಟಿಕ್. ಚೆಂದ ಕೆಡುತ್ತದೆ, ತುಕ್ಕು ಹಿಡಿಯುವುದಿಲ್ಲ.

ತುಕ್ಕಿನ ಒಂದು ಗುಣ ಹೇಳಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಮೇಲಿರುವ ಬಣ್ಣಕ್ಕೆ ಹಿಗ್ಗಲು ಬರುವುದಿಲ್ಲ. ಹಾಗಾಗಿ ತುಕ್ಕು ಅದನ್ನು ಕೆಳಗಿನಿಂದ ಎಬ್ಬಿಸುತ್ತದೆ. ಎದ್ದ ಸಂದಿನಲ್ಲಿ ಮತ್ತೆ ನೀರು, ಮತ್ತೆ ತುಕ್ಕು. ನನ್ನ ಬಾನೆಟ್ಟಿನ ಗುಳ್ಳೆ ಎದ್ದಿದ್ದು ಹೀಗೆ. ಉಪ್ಪು ಸೇರಿದರಂತೂ ಇದು ಓಡುತ್ತದೆ. ಸಮುದ್ರದ ಪಕ್ಕದ ರಸ್ತೆ, ಹಿಮ ಕರಗಿಸಲು ಉಪ್ಪು ಎರಚಿದ ರಸ್ತೆ, ಎರಡೂ ಒಂದೇ. ಅಲ್ಲಿಂದ ಬಂದ ಮೇಲೆ ಮೇಲ್ಭಾಗ ತೊಳೆಯದಿದ್ದರೂ ಪರವಾಗಿಲ್ಲ, ಕಾರಿನ ಅಡಿಗೆ ನೀರು ಹೊಡೆಯಿರಿ.

ಸಣ್ಣ ಚುಕ್ಕೆ ಮುಚ್ಚುವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಮೊದಲು ಬಣ್ಣದ ಕೋಡ್ ಹುಡುಕಿ. ಅನೇಕ ಕಾರುಗಳಲ್ಲಿ ಮುಂದಿನ ಬಾಗಿಲು ತೆರೆದರೆ ಅದರ ಚೌಕಟ್ಟಿನ ಮೇಲೋ, ಬಾನೆಟ್ ಕೆಳಗೋ ಒಂದು ಚೀಟಿ ಅಂಟಿಸಿರುತ್ತಾರೆ. ಬಿಳಿ ಅಂತ ಹೇಳಿ ಬಣ್ಣ ತಂದರೆ ಕೆಟ್ಟಿರಿ. ಬಿಳಿಯಲ್ಲೇ ಹತ್ತಾರು ಬಿಳಿ ಇವೆ. ಕೋಡ್ ಹೇಳಿ ಟಚ್ ಅಪ್ ಬಣ್ಣದ ಸಣ್ಣ ಶೀಸೆ ತನ್ನಿ.

ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಕೂತುಕೊಳ್ಳಿ. ಜಾಗವನ್ನು ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಿ, ಮೇಣದ ಜಿಡ್ಡು ಉಳಿಯಬಾರದು. ತುಕ್ಕು ಶುರುವಾಗಿದ್ದರೆ ನುಣುಪಾದ ಉಪ್ಪುಕಾಗದದ ಚೂರನ್ನು ಪೆನ್ಸಿಲ್ ತುದಿಗೆ ಅಂಟಿಸಿಕೊಂಡು, ಗುಳಿಯ ಒಳಗೆ ಮಾತ್ರ, ಹೊಳೆಯುವ ಲೋಹ ಕಾಣುವವರೆಗೆ ಮೆಲ್ಲಗೆ ತಿರುಗಿಸಿ. ತುಕ್ಕಿನ ಮೇಲೆಯೇ ಬಣ್ಣ ಹಚ್ಚಿದರೆ ಕಸದ ಮೇಲೆ ಚಾಪೆ ಹಾಸಿದ ಹಾಗೆ. ಲೋಹ ಕಂಡ ಕಡೆ ಮೊದಲು ಪ್ರೈಮರ್ ತೊಟ್ಟಿಕ್ಕಿ.

ಶೀಸೆಯಲ್ಲಿ ಬರುವ ಬ್ರಷ್ ಬಿಟ್ಟುಬಿಡಿ. ಅದು ನೇಲ್ ಪಾಲಿಶ್ ಬ್ರಷ್ ಇದ್ದ ಹಾಗೆ ಇರುತ್ತದೆ, ಇಂಥ ಚುಕ್ಕೆಗೆ ತೀರಾ ದಪ್ಪ. ಹಲ್ಲುಕಡ್ಡಿ ತೆಗೆದುಕೊಳ್ಳಿ. ತುದಿಯನ್ನು ಬಣ್ಣದಲ್ಲಿ ಅದ್ದಿ ಗುಳಿಯ ನಡುವೆ ಮುಟ್ಟಿಸಿ, ಅಷ್ಟೇ. ಎಳೆಯಬೇಡಿ, ತೀಡಬೇಡಿ. ಬಣ್ಣ ತಾನಾಗಿಯೇ ಅಂಚಿಗೆ ಹರಿಯುತ್ತದೆ. ಒಣಗಿದಾಗ ಕುಗ್ಗಿ ಮತ್ತೆ ಗುಳಿ ಕಾಣುತ್ತದೆ. ಆಗ ಇನ್ನೊಂದು ತೊಟ್ಟು. ಎರಡು ಮೂರು ತೊಟ್ಟು ಬೇಕಾಗಬಹುದು. ಕೊನೆಗೆ ಕ್ಲಿಯರ್ ಕೋಟಿನ ಒಂದು ತೊಟ್ಟು. ಒಂದೇ ಸಲ ದಪ್ಪಗೆ ತುಂಬಿಸಿ ಕೈ ತೊಳೆದುಕೊಳ್ಳುವ ಆಸೆ ಆಗುತ್ತದೆ. ನಾನೂ ಹಾಗೆ ಮಾಡಿ, ನುಣ್ಣನೆ ಬಾನೆಟ್ ಮೇಲೊಂದು ನರುಳ್ಳೆ ಬೆಳೆಸಿದ್ದೆ. ಹತ್ತಿರ ಬಂದು ನೋಡಿದರೆ ಈ ಚುಕ್ಕೆ ಕಂಡೇ ಕಾಣುತ್ತದೆ. ಕಾಣಲಿ. ನೀರು ಒಳಗಿಳಿಯುವುದಿಲ್ಲವಲ್ಲ.

ಇನ್ನು ಕೋಟಿಂಗ್‌ಗಳ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ. ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗಲು ಬಿಡುವ ಪಾರದರ್ಶಕ ಲೇಪ, ಹಾಕಿಸಿದರೆ ಕಲ್ಲು ಬಿದ್ದರೂ ಏನೂ ಆಗುವುದಿಲ್ಲ ಅಂತ ನನಗೆ ಒಬ್ಬರು ಹೇಳಿದ್ದರು. ಗಡಸುತನ ‘9 ಎಚ್’ ಅಂತೆ. ಆ 9 ಎಚ್ ಏನು ಗೊತ್ತೇ? ಪೆನ್ಸಿಲ್ ಪರೀಕ್ಷೆ. ಚಿತ್ರ ಬರೆಯುವ ಪೆನ್ಸಿಲ್‌ಗಳಿಗೆ ಎಚ್‌ಬಿ, 2 ಎಚ್ ಅಂತ ಇರುತ್ತದಲ್ಲ, ಅದೇ ಲೆಕ್ಕ. ಅತಿ ಗಟ್ಟಿ ಪೆನ್ಸಿಲ್ಲಿನಿಂದ ಗೀಚಿದರೂ ಗೀರು ಬೀಳಲಿಲ್ಲ ಅಂತ ಅರ್ಥ. ರಸ್ತೆಯಲ್ಲಿ ಪೆನ್ಸಿಲ್ ಹಾರಿ ಬರುವುದಿಲ್ಲ, ಅಲ್ವಾ? ಈ ಕೋಟಿಂಗ್ ಹೆಚ್ಚೆಂದರೆ ಕೆಲವೇ ಮೈಕ್ರಾನ್ ದಪ್ಪ. ನೀರು, ಕೆಸರು ಅಂಟದ ಹಾಗೆ ಮಾಡುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಅದು ಒಳ್ಳೆಯದೇ. ಜಲ್ಲಿಯನ್ನು ಅದು ತಡೆಯುವುದಿಲ್ಲ. ಮೇಣದ ಪಾಲಿಶ್‌ಗೂ ಇದೇ ಮಾತು.

ಕಲ್ಲಿಗೆ ಬೇಕಾದದ್ದು ಗಡಸು ಅಲ್ಲ, ಮೆತ್ತಗೆ ಪೆಟ್ಟು ನುಂಗುವ ವಸ್ತು. ಅದಕ್ಕೇ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅನ್ನುವ ಪಾರದರ್ಶಕ ಪಾಲಿಯುರೆಥೇನ್ ಹಾಳೆ ಬಂದಿರುವುದು. ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅಂದರೆ ಕಾರಿನ ಎಲ್ಲ ಪದರ ಸೇರಿದಷ್ಟೋ, ಅದಕ್ಕಿಂತ ಜಾಸ್ತಿಯೋ ದಪ್ಪ. ಹೆಲಿಕಾಪ್ಟರ್ ರೆಕ್ಕೆಯ ಅಂಚಿಗೂ ಮರಳಿನ ಪೆಟ್ಟು ತಪ್ಪಿಸಲು ಇಂಥದ್ದೇ ಪಾಲಿಯುರೆಥೇನ್ ಪಟ್ಟಿ ಅಂಟಿಸುತ್ತಾರೆ. ಒಳ್ಳೆಯ ಹಾಳೆಯ ಮೇಲೆ ಬಿದ್ದ ಸಣ್ಣ ಗೀರು ಬಿಸಿಲಿಗೆ ತಾನಾಗಿಯೇ ಮಾಯವಾಗುತ್ತದೆ. ಇಡೀ ಕಾರಿಗೆ ಹಾಕಿಸಬೇಕು ಅಂತೇನಿಲ್ಲ. ಬಾನೆಟ್ಟಿನ ಮುಂಭಾಗ, ಬಂಪರ್, ಕನ್ನಡಿಗಳ ಬೆನ್ನು, ಹಿಂದಿನ ಚಕ್ರದ ಮುಂಭಾಗ, ಇಷ್ಟಕ್ಕೆ ಹಾಕಿಸಿದರೆ ಮುಕ್ಕಾಲು ಪಾಲು ಕೆಲಸ ಆದಂತೆ. ಹೊಸದಾಗಿ ಬಣ್ಣ ಹೊಡೆಸಿದ್ದರೆ ಮಾತ್ರ ಕೆಲವು ವಾರ ಕಾಯಿರಿ. ಬಣ್ಣದೊಳಗಿನ ದ್ರಾವಕ ಪೂರ್ತಿ ಹಾರಿ ಹೋಗಬೇಕು.

ಡಾಂಬರು ಸಿಡಿದು ಅಂಟಿದರೆ ಉಗುರಿನಿಂದ ಕೆರೆಯಬೇಡಿ. ಡಾಂಬರು ಕರಗಿಸುವ ದ್ರವ ಹಚ್ಚಿ, ಒಂದು ನಿಮಿಷ ಬಿಟ್ಟು, ಒರೆಸಿ, ತೊಳೆಯಿರಿ. ಹಕ್ಕಿ ಹಿಕ್ಕೆಯನ್ನು ಬಿಸಿಲಿಗೆ ಬಿಡಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಮೇಲಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ.

ಇನ್ನೊಂದನ್ನು ಹೇಳಲೇಬೇಕು, ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಬೆಳಿಗ್ಗೆ ಎದ್ದು ಒಣಬಟ್ಟೆ ಹಿಡಿದು ಕಾರಿನ ಧೂಳು ಒರೆಸುವ ಅಭ್ಯಾಸ. ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಮರಳು ಮಾಮೂಲಿ ಚಾಕುವಿನ ಉಕ್ಕಿಗಿಂತಲೂ ಗಟ್ಟಿ. ಒಣಬಟ್ಟೆ ಆ ಕಣಗಳನ್ನು ಹಿಡಿದುಕೊಂಡು ಕ್ಲಿಯರ್ ಕೋಟ್ ಮೇಲೆ ಎಳೆಯುತ್ತದೆ. ಬಿಸಿಲಿನಲ್ಲಿ ಕಪ್ಪು ಕಾರು ನೋಡಿ, ಜೇಡರ ಬಲೆಯ ಹಾಗೆ ಸುತ್ತುಸುತ್ತು ಗೀರು ಕಾಣುತ್ತದಲ್ಲ, ಬಹುಪಾಲು ಹೀಗೇ ಬಂದದ್ದು. ಮೊದಲು ನೀರು ಸುರಿದು ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ, ಮೇಲಿನಿಂದ ಕೆಳಕ್ಕೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರೀ ನೀರು. ಚಕ್ರ ಒರೆಸಿದ ಬಟ್ಟೆ ಬಾನೆಟ್ ಮುಟ್ಟಬಾರದು. ನೀರಿಲ್ಲದ ದಿನ ಧೂಳು ಇದ್ದ ಹಾಗೇ ಇರಲಿ. ಸುಮ್ಮನೆ ಕೂತ ಧೂಳಿನಿಂದ ಗೀರು ಬೀಳುವುದಿಲ್ಲ.

ಮೊನ್ನೆ ಸಂಜೆ ಬರುವಾಗ ಮತ್ತೆ ಟಕ್ ಅಂತು. ಗಾಜು ನೋಡಿದೆ, ಸರಿಯಾಗಿತ್ತು. ಈ ಸಲ ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು, ಮಂಡಿಯೂರಿ, ಬಾನೆಟ್ ಅಂಚಿನಿಂದ ಬಂಪರಿನವರೆಗೆ ಇಂಚು ಇಂಚು ಹುಡುಕಿದೆ. ಹಲ್ಲುಕಡ್ಡಿ, ಶೀಸೆ ಎಲ್ಲ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಕಾಲು ಗಂಟೆ ಆದ ಮೇಲೆ ಸಿಕ್ಕಿತು. ಕಲ್ಲು ಬಿದ್ದದ್ದು ನಂಬರ್ ಪ್ಲೇಟಿಗೆ. ಸೊನ್ನೆಯ ಸರಿಯಾಗಿ ಮಧ್ಯಕ್ಕೆ.

ನಮಸ್ಕಾರ.