19ನೇ ಗೇಟು ಮತ್ತು ಕಾಕಾನ ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 10, ಶನಿವಾರ ರಾತ್ರಿ. ಚೈನ್ ತುಂಡಾಗಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ನಮ್ಮ ಕೊಪ್ಪಳ ಕಡೆಯವರು ಆ ರಾತ್ರಿಯನ್ನು ಮರೆಯುವ ಹಾಗಿಲ್ಲ. ಡ್ಯಾಂ ತುಂಬಿತ್ತು. ಗದ್ದೆಗಳಿಗೆ ನೀರು ಬಿಟ್ಟಿದ್ದರು. ಕಣ್ಣೆದುರಿಗೇ ಆ ನೀರು ಹೊಳೆಪಾಲಾಗುತ್ತಿತ್ತು.

ಮರುದಿನ ನನ್ನ ಫೋನಿಗೆ ಕಾರಟಗಿಯಿಂದ ಕಾಕಾನ ವಾಯ್ಸ್ ಮೆಸೇಜ್ ಬಂತು. "ತಮ್ಮಾ, ಚೈನ್ ಹರದದ್ದು ಸುಳ್ಳಂತ. ಹೊರದೇಶದವ್ರು ಕಂಪ್ಯೂಟರ್‌ನ್ಯಾಗ ಕೈ ಹಾಕಿ ಗೇಟ್ ಬಿಡಿಸ್ಯಾರಂತ. ಸರ್ಕಾರ ಮುಚ್ಚಿಡಾಕ ಹತ್ತೈತಿ." ದನಿ ನಡುಗುತ್ತಿತ್ತು. ಅವರಿಗೆ ಆರು ಎಕರೆ ಭತ್ತ ಇದೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಆ ಭಾನುವಾರವೇ ಕಾರಟಗಿಗೆ ಹೋದೆ. ಕಾಕಾ ಫೋನನ್ನು ನನ್ನ ಕೈಗೆ ಕೊಟ್ಟರು. ಅವರಿದ್ದ ಗುಂಪಿನಲ್ಲಿ ಸಾವಿರಾರು ಜನ. ಒಂದೂವರೆ ತಾಸು ಕೂತು ಓದಿದೆ. ಬೆಳಿಗ್ಗೆ ಯಾರೋ ಡ್ಯಾಮಿನ ಒಂದು ಫೋಟೋ ಹಾಕಿದ್ದರು. ಅದರಲ್ಲಿ ಒಂದು ಕಬ್ಬಿಣದ ಡಬ್ಬಿಗೆ ಕೆಂಪು ಬಣ್ಣದಲ್ಲಿ ಸುತ್ತು ಎಳೆದಿದ್ದರು. "ಇದೇನು? ಯೋಚಿಸಿ" ಅಂತ ಕೆಳಗೆ ಬರೆದಿದ್ದರು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಆ ಡಬ್ಬಿ ಗೂಢಚಾರರ ಕ್ಯಾಮೆರಾ ಆಗಿತ್ತು. ಸಂಜೆಗೆ ಉಪಗ್ರಹದಿಂದ ಆದೇಶ ಪಡೆಯುವ ಯಂತ್ರ ಆಗಿತ್ತು. ಫೋಟೋ ತೆಗೆದವರು ಯಾರು, ಯಾವ ದಿನ ತೆಗೆದದ್ದು, ಇದು ನಮ್ಮ ಡ್ಯಾಂ ಹೌದಾ ಅಂತ ಒಬ್ಬರೂ ಕೇಳಿರಲಿಲ್ಲ.

ಇಂಥ ಗುಂಪುಗಳು ನಡೆಯುವುದೇ ಹೀಗೆ. ಯಾರೂ ಪೂರ್ತಿ ಸುಳ್ಳನ್ನು ತಂದು ಕೊಡುವುದಿಲ್ಲ. ಅರ್ಧ ಒಗಟು ಕೊಡುತ್ತಾರೆ. ಉಳಿದ ಅರ್ಧವನ್ನು ನಾವೇ ತುಂಬುತ್ತೇವೆ. ನಾವೇ ತುಂಬಿದ್ದರಿಂದ ಅದು ನಮ್ಮದೇ ಅನ್ನಿಸುತ್ತದೆ. ಅಮೆರಿಕದಲ್ಲಿ 2017ರ ಅಕ್ಟೋಬರ್‌ನಲ್ಲಿ ಹೆಸರಿಲ್ಲದ ಒಬ್ಬ ಬರೀ 'ಕ್ಯೂ' ಅಂತ ಕರೆದುಕೊಂಡು, ತನಗೆ ಸರ್ಕಾರದ ಒಳಗುಟ್ಟು ಗೊತ್ತು ಅಂತ ಇಂಟರ್ನೆಟ್ಟಿನಲ್ಲಿ ಒಗಟು ಹಾಕಲು ಶುರು ಮಾಡಿದ. ಹೇಳಿದ ಭವಿಷ್ಯಗಳು ಹುಸಿಯಾದವು. ಆದರೂ ಲಕ್ಷಾಂತರ ಜನ ಬಿಡಿಸುತ್ತಲೇ ಹೋದರು. 'ಕ್ಯೂ-ಅನಾನ್' ಅನ್ನುವುದು ಅದೇ.

ಹಾಗಂತ ಕಾಕಾನಿಗೆ "ನೀವು ಸುಮ್ನೆ ಹೆದರಬೇಡಿ, ಅಂಥದ್ದೆಲ್ಲ ಇಲ್ಲ" ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ ಅಂಥದ್ದು ಇದೆ.

2010ರಲ್ಲಿ ಸ್ಟಕ್ಸ್‌ನೆಟ್ ಎಂಬ ವೈರಸ್ ಬೆಳಕಿಗೆ ಬಂತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗವನ್ನು ಅದು ಗುಟ್ಟಾಗಿ ಏರುಪೇರು ಮಾಡಿತ್ತು. ಕಾವಲು ಕೂತವರ ಪರದೆಯ ಮೇಲೆ ಮಾತ್ರ ಎಲ್ಲವೂ ಸರಿ ಇರುವಂತೆ ತೋರಿಸುತ್ತಿತ್ತು. ಇದು ಅಮೆರಿಕ ಮತ್ತು ಇಸ್ರೇಲ್ ಕೆಲಸ ಎಂದು ಪತ್ರಿಕೆಗಳು ಬರೆದವು. ಇಬ್ಬರೂ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ.

ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡನ್ನೇ ನೋಡಿ. 2019ರ ಅಕ್ಟೋಬರ್ ಕೊನೆಯಲ್ಲಿ ಕೂಡಂಕುಳಂ ಅಣುಸ್ಥಾವರಕ್ಕೆ ವೈರಸ್ ಹೊಕ್ಕಿದೆ ಅಂತ ಸುದ್ದಿ ಹಬ್ಬಿತು. 29ರಂದು ಸ್ಥಾವರದವರು ಇದು ಸುಳ್ಳು ಸುದ್ದಿ ಎಂದರು. ಮರುದಿನ 30ರಂದು ಅಣುವಿದ್ಯುತ್ ನಿಗಮ ವೈರಸ್ ಸಿಕ್ಕಿದ್ದು ನಿಜ ಎಂದಿತು. ಸೆಪ್ಟೆಂಬರ್ 4ರಂದೇ ಗೊತ್ತಾಗಿತ್ತಂತೆ. ಹೊಕ್ಕಿದ್ದು ಆಡಳಿತ ಕೆಲಸದ ಕಂಪ್ಯೂಟರಿಗೆ, ಸ್ಥಾವರ ನಡೆಸುವ ಜಾಲಕ್ಕೆ ಏನೂ ಆಗಿಲ್ಲ ಎಂದರು. ಅದನ್ನು ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತು? ಒಂದು ದಿನದ 'ಇಲ್ಲ' ಎಷ್ಟು ವರ್ಷದ ಅನುಮಾನ ಬಿತ್ತಿತು ನೋಡಿ. ಫೋನಿಗೆ ಗುಟ್ಟಾಗಿ ಹೊಕ್ಕು ಕದ್ದು ನೋಡುವ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ವಿಷಯದಲ್ಲೂ ಅಷ್ಟೇ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 29 ಫೋನ್ ಪರೀಕ್ಷಿಸಿತು. ಐದರಲ್ಲಿ ಯಾವುದೋ ಕೆಟ್ಟ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ ಹೌದೋ ಅಲ್ಲವೋ ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ಕೋರ್ಟಿನಲ್ಲೇ ಓದಿ ಹೇಳಿದರು. ಇಂಥ ಅರ್ಧ ಉತ್ತರ ಬಿದ್ದ ಜಾಗದಲ್ಲಿ ಕತೆ ಹುಟ್ಟದೆ ಇನ್ನೇನು ಹುಟ್ಟೀತು?

ಹಾಗಾದರೆ ನಿಜವಾದ ಗುಟ್ಟು ಹೊರಬರುವುದು ಹೇಗೆ? ಇದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ ಅದಿರಿನ ಕಾಲವನ್ನು ನಾವು ಕಂಡಿದ್ದೇವೆ. ಹೊಸಪೇಟೆ ರಸ್ತೆಯ ಗಿಡಗಳ ಎಲೆಯೂ ಕೆಂಪಾಗಿತ್ತು. ಅಂಗಿ ಒಗೆದರೆ ಬಕೆಟ್ಟಿನ ನೀರು ಕೆಮ್ಮಣ್ಣಿನ ಹಾಗೆ ಆಗುತ್ತಿತ್ತು. ಹೋಟೆಲಿನಲ್ಲಿ ಕೂತವರೆಲ್ಲ ಅಕ್ರಮದ ಕತೆ ಹೇಳುವವರೇ. ಆದರೆ ಆ ಕತೆಗಳಿಂದ ಒಂದು ಲಾರಿಯೂ ನಿಲ್ಲಲಿಲ್ಲ. ನಿಂತದ್ದು ಕಾಗದದಿಂದ. ಇಷ್ಟು ಟನ್‌ಗೆ ಪರ್ಮಿಟ್ ಕೊಟ್ಟಿದ್ದಾರೆ, ಬಂದರಿನಿಂದ ಹಡಗು ಹತ್ತಿದ್ದು ಇಷ್ಟು ಟನ್. ಎರಡನ್ನೂ ಪಕ್ಕದಲ್ಲಿಟ್ಟು ಕಳೆದರು. ಲೋಕಾಯುಕ್ತರಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಮಾಡಿದ ಕೆಲಸ ಇಂಥದ್ದು. ಪರ್ಮಿಟ್, ತೂಕದ ಚೀಟಿ, ಬ್ಯಾಂಕ್ ಲೆಕ್ಕ. ಓದಿದರೆ ನಿದ್ದೆ ಬರುವಂಥ ಕಾಗದಗಳು. 2011ರ ಜುಲೈ 27ರಂದು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸ್ಟಕ್ಸ್‌ನೆಟ್ ಗುಟ್ಟು ಬಿಡಿಸಿದವರೂ ಅದರ ಕೋಡನ್ನು ತಿಂಗಳುಗಟ್ಟಲೆ ಸಾಲುಸಾಲಾಗಿ ಓದಿದವರೇ.

ಇದನ್ನೇ ಕಾಕಾನಿಗೆ ಹೇಳಿದೆ. ಮುಖ್ಯವಾದ ಮಾತು ಇನ್ನೊಂದಿತ್ತು. ಆ ಗೇಟು ಸುಮಾರು 60 ಅಡಿ ಅಗಲ, 20 ಅಡಿ ಎತ್ತರ. ಅದು ನಿಂತದ್ದು ಚೈನಿನ ಬಲದ ಮೇಲೆ. ಅಣೆಕಟ್ಟೆಗೆ ಆಗಲೇ ಸುಮಾರು 70 ವರ್ಷ. ಲಿಂಕು ತುಂಡಾಯಿತು ಅಂತ ಅಧಿಕಾರಿಗಳೇ ಹೇಳಿದ್ದಾರೆ. "ಕಾಕಾ, ಹೊರದೇಶದವ ಮಾಡಿದ ಅಂತ ನಾವು ನಂಬಿಬಿಟ್ಟರೆ, ಆ ಚೈನನ್ನು ಕೊನೇ ಸಲ ನೋಡಿದ್ದು ಯಾರು ಅಂತ ಕೇಳುವವರು ಯಾರು? ತಪ್ಪು ಮಾಡಿದವರು ಯಾರಾದರೂ ಇದ್ದರೆ, ಈ ಕತೆಯಿಂದ ಅವರಿಗೇ ಅಲ್ವಾ ಅನುಕೂಲ?"

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅದನ್ನ ಬರದಿಟ್ಟಿರ್ತಾರೇನು?"

ಬರೆದಿಡಬೇಕು ಅಂದೆ.

ಆ ಗುಂಪಿನಲ್ಲಿ ಅವರು ಯಾಕೆ ಇದ್ದರು ಎನ್ನುವುದನ್ನೂ ಹೇಳಬೇಕು. ಕಾಕಿ ತೀರಿಕೊಂಡು ಎರಡು ವರ್ಷ ಆಗಿತ್ತು. ಮಗ ಬೆಂಗಳೂರಿನಲ್ಲಿ. ನಡುರಾತ್ರಿ ಎಚ್ಚರವಾದರೆ ಮಾತಾಡಲು ಅಲ್ಲಿ ಯಾರಾದರೂ ಎದ್ದಿರುತ್ತಿದ್ದರು. ಇಂಥವರನ್ನು ಹಂಗಿಸಬೇಡಿ. ಅವರ ಪಕ್ಕ ಕೂತು, ಆ ಫೋಟೋವನ್ನು ಅವರ ಜೊತೆ ನೋಡಿ. ಅದೇ ಗುಂಪಿನಲ್ಲಿ "ಗುಟ್ಟಿನ ವಿಡಿಯೋ ನೋಡಲು ಇದನ್ನು ಹಾಕಿಕೊಳ್ಳಿ" ಅಂತ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕೂಡ ಬಂದಿತ್ತು. ಹಾಕಿಕೊಂಡಿದ್ದರೆ ಫೋನಿನ ಓಟಿಪಿಗಳೆಲ್ಲ ಬೇರೆಯವರ ಪಾಲಾಗಬಹುದಿತ್ತು. ಅಳಿಸಿದೆ. ಹಾಗೆ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಪ್ರಾಣ ಒತ್ತೆಯಿಟ್ಟು ಇಳಿದ ಕೆಲಸಗಾರರನ್ನು ನೆನೆದರೆ ಈಗಲೂ ಕಣ್ಣು ಒದ್ದೆಯಾಗುತ್ತದೆ. ಮುಂದೆ ಮಳೆ ಬಂತು, ಡ್ಯಾಂ ಮತ್ತೆ ತುಂಬಿತು. ಕಾಕಾನ ಭತ್ತವೂ ಉಳಿಯಿತು.

ಆದರೂ ಅವರು ಪ್ರಶ್ನೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನು ನಾನು ಬರೆದುಕೊಟ್ಟೆ. ಮಾತು ಅವರದ್ದು. 19ನೇ ಗೇಟಿನ ಚೈನನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಯಾವುದು? ಪರೀಕ್ಷಿಸಿದವರ ಸಹಿ ಇರುವ ಪುಟದ ನಕಲು ಕೊಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅಂಚೆಗೆ ಹಾಕಿದರು. ಉತ್ತರ ಕೊಡಲು 30 ದಿನ ಇರುತ್ತದೆ.

ಆ ಅರ್ಜಿಯ ಫೋಟೋವನ್ನು ಕಾಕಾ ಅದೇ ಗುಂಪಿಗೂ ಹಾಕಿದರು. ಹೆಚ್ಚಿನವರು ಏನೂ ಹೇಳಲಿಲ್ಲ. ಸಿರುಗುಪ್ಪದ ಕಡೆಯ ಒಬ್ಬರು ಮಾತ್ರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. "ನಮ್ ಕಾಲುವೆ ತೂಬಿಂದೂ ಹಿಂಗ ಕೇಳಬಹುದೇನ್ರೀ?" ಅಂದರು. ಕಾಕಾ ಕನ್ನಡಕ ಹುಡುಕಿ ಹಾಕಿಕೊಂಡು, ಅರ್ಜಿಯನ್ನು ಮೊದಲ ಸಾಲಿನಿಂದ ನಿಧಾನವಾಗಿ ಓದಿ ಬರೆಸತೊಡಗಿದರು.

ನಮಸ್ಕಾರ.